ಮೊದಲ ಸಲೈನ್‌ನ ಬೆಲೆ

ನಮ್ಮ ಮಗ್ಗದ ಊರು ಇಚಲಕರಂಜಿಯಲ್ಲಿ ದುಡ್ಡು ವಾರದ ಲೆಕ್ಕದಲ್ಲಿ ಓಡಾಡುತ್ತದೆ. ಲೂಮಿನ ಪಗಾರ ವಾರಕ್ಕೆ, ಕಿರಾಣಿ ಅಂಗಡಿಯ ಉದ್ರಿ ತೀರುವುದು ವಾರಕ್ಕೆ, ಹೆಂಗಸರ ಭಿಶಿ, ಅಂದರೆ ಚೀಟಿ, ತಿಂಗಳಿಗೊಮ್ಮೆ. ಕಾಯಿಲೆ ಮಾತ್ರ ವಾರ ನೋಡಿ ಬರುವುದಿಲ್ಲ. ಮನುಷ್ಯರು ಮಲಗಿದರೆ ಹೇಗೋ ಕೈಗಡ ಹುಟ್ಟುತ್ತದೆ. ನಾಯಿಗಾಗಿ ಕೈಗಡ ಕೇಳಲು ನಾಲಿಗೆ ಏಳುವುದಿಲ್ಲ. ಕೇಳಿದರೂ "ನಾಯಿಗೆ ಇಷ್ಟ ಯಾಕ ಖರ್ಚ ಮಾಡ್ತೀರಿ" ಎಂಬ ಮಾತು ಮೊದಲು ಬರುತ್ತದೆ. ಹಾಗಾಗಿ ಎಷ್ಟೋ ಮನೆಗಳಲ್ಲಿ "ಎರಡು ದಿನ ನೋಡೋಣ" ಎಂಬ ತೀರ್ಮಾನ ಯಾರೂ ತೆಗೆದುಕೊಳ್ಳದೆಯೇ ಆಗಿಬಿಡುತ್ತದೆ. ರಕ್ತಭೇದಿ ಹತ್ತಿದ ಮರಿಯ ಮಟ್ಟಿಗೆ ಆ ಎರಡು ದಿನಗಳಷ್ಟು ದುಬಾರಿಯಾದದ್ದು ಬೇರೆ ಯಾವುದೂ ಇಲ್ಲ.

ನಮ್ಮ ರಾಣಿ ಮುಧೋಳ ತಳಿಯ ಮರಿ, ಚಿಕ್ಕೋಡಿ ಕಡೆಯ ಬೀಗರ ಮನೆಯಿಂದ ಬಂದವಳು. ಬರುವಾಗ ಕೈಯಲ್ಲಿ ಲಸಿಕೆಯ ಪುಸ್ತಕವಿತ್ತು. ಮೊದಲ ಡೋಸಿನ ಚೀಟಿ ಅಂಟಿಸಿತ್ತು, ಎರಡನೆಯದಕ್ಕೆ ತಾರೀಖು ಬರೆದಿತ್ತು. ಆ ತಾರೀಖು ಬರುವ ಮೊದಲೇ, ಮಳೆಗಾಲದ ಒಂದು ಸಂಜೆ, ಅವಳು ಹಾಲು ರೊಟ್ಟಿ ಮೂಸಿ ನೋಡಿ ಮುಖ ತಿರುಗಿಸಿದಳು. ರಾತ್ರಿ ಬಿಳಿ ನೊರೆ ವಾಂತಿ. ಬೆಳಗಾಗುವಷ್ಟರಲ್ಲಿ ಬಚ್ಚಲ ಹತ್ತಿರ ನೀರಿನಂಥ ಭೇದಿ, ಬಣ್ಣ ಕಪ್ಪುಗೆಂಪು, ನಡುವೆ ಲೋಳೆ. ಕೊಳೆತ ಮಾಂಸದ ಜೊತೆ ಕಬ್ಬಿಣದ ಕಟು ವಾಸನೆ ಬೆರೆತಂತಿತ್ತು; ಒಮ್ಮೆ ಮೂಗಿಗೆ ಬಿದ್ದರೆ ಮರೆಯುವಂಥದ್ದಲ್ಲ. ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟೆ. ಆರೋಗ್ಯವಂತ ನಾಯಿಯಲ್ಲಿ ಒತ್ತಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗುತ್ತದೆ. ರಾಣಿಯ ವಸಡು ಬಿಳಿಚಿಕೊಂಡೇ ಇತ್ತು. ಹೆಗಲ ಮೇಲಿನ ತೊಗಲನ್ನು ಚಿವುಟಿ ಎತ್ತಿದರೆ ಅದು ಹಾಗೇ ನಿಂತಿತು, ಇಳಿಯಲಿಲ್ಲ. ಮೈಯಲ್ಲಿ ನೀರು ಬತ್ತಿದೆ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ, ನಾಯಿ ಸಾಕಿದ ಎಲ್ಲರಿಗೂ ಇದು ಬರಬೇಕು.

ಹತ್ತಿರದ ದವಾಖಾನೆಗೆ ಒಯ್ದೆವು. ಡಾಕ್ಟರು ಮೇಜಿನ ಮೇಲೆ ಮಲಗಿಸಿ ನೋಡಿದವರೇ ಹೇಳಿದರು: "ಅಕ್ಕಾ, ಮದಲ ಸಲೈನ ಹಚ್ಚೂಣು. ಟೆಸ್ಟ ಆಮ್ಯಾಲೆ. ರಿಪೋರ್ಟ ಬರಲಿ ಅಂತ ಕುಂತ್ರ ಮರಿ ಕೈಗೆ ಸಿಗಾಂಗಿಲ್ಲ." ಮುಂಗಾಲಿನ ಕೂದಲು ಬೋಳಿಸಿ, ಸಿಕ್ಕದ ನರವನ್ನು ಹುಡುಕಿ ಸೂಜಿ ಕೂರಿಸಿದರು. ಬಾಟಲಿಯಿಂದ ರಿಂಗರ್ ಲ್ಯಾಕ್ಟೇಟ್ ಇಳಿಯತೊಡಗಿತು. ಆಮೇಲೆ ಮಲದ ಮಾದರಿಯನ್ನು ಹತ್ತಿಯ ಕಡ್ಡಿಗೆ ತಾಗಿಸಿ ಕಿಟ್‌ಗೆ ಹಾಕಿದರು. ಕೆಲವೇ ನಿಮಿಷದಲ್ಲಿ ಎರಡು ಗೆರೆ ಮೂಡಿದವು. ಪಾರ್ವೊ.

ಈ ವೈರಸ್ ಜಗತ್ತಿಗೆ ಗೊತ್ತಾದದ್ದು 1978ರಲ್ಲಿ. ಕೆಲವೇ ವರ್ಷಗಳಲ್ಲಿ ನಮ್ಮ ದೇಶಕ್ಕೂ ಬಂತು. ಕರುಳಿನ ಒಳಪದರದ ಕಣಗಳನ್ನೂ ಬಿಳಿ ರಕ್ತಕಣ ಹುಟ್ಟುವ ಅಸ್ಥಿಮಜ್ಜೆಯನ್ನೂ ಅದು ಒಟ್ಟಿಗೇ ತಿನ್ನುತ್ತದೆ. ಕರುಳು ಸೋರುತ್ತದೆ, ಅದೇ ಹೊತ್ತಿಗೆ ರೋಗದ ವಿರುದ್ಧ ಹೋರಾಡುವ ಪಡೆಯೂ ಕರಗುತ್ತದೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಹತ್ತರಲ್ಲಿ ಒಂಬತ್ತು ಮರಿಗಳು ಉಳಿಯುವುದಿಲ್ಲ. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಹತ್ತರಲ್ಲಿ ಎಂಟೊಂಬತ್ತು ಉಳಿಯುತ್ತವೆ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ದುಡ್ಡು ಕೊಂಡುಕೊಳ್ಳಬಲ್ಲದು, ಅದೂ ಮೊದಲ ದಿನದ ದುಡ್ಡು. ನಮ್ಮ ದವಾಖಾನೆಗಳಲ್ಲಿ ವೈರಸ್ಸನ್ನೇ ಕೊಲ್ಲುವ ಔಷಧ ಯಾವುದೂ ಇಲ್ಲ. ಸಲೈನು ನೀರು ಮತ್ತು ಲವಣ ತುಂಬುತ್ತದೆ, ಒಂದು ಇಂಜೆಕ್ಷನ್ ವಾಂತಿ ನಿಲ್ಲಿಸುತ್ತದೆ, ಇನ್ನೊಂದು ಸೋರುವ ಕರುಳಿನಿಂದ ರಕ್ತಕ್ಕೆ ಇಳಿಯುವ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ಮರಿಯ ಮೈ ತಾನೇ ಗೆಲ್ಲುವವರೆಗೆ ಅದನ್ನು ಜೀವಂತ ಇಡುವುದಷ್ಟೇ ಚಿಕಿತ್ಸೆ.

ನಮ್ಮ ಖರ್ಚು ಹೇಳುತ್ತೇನೆ. ಮೊದಲ ದಿನ ತಪಾಸಣೆ, ಸೂಜಿ, ಸಲೈನ್, ಕಿಟ್ ಎಲ್ಲ ಸೇರಿ ಎರಡು ಸಾವಿರದ ಆಸುಪಾಸು. ಮುಂದಿನ ದಿನಗಳಲ್ಲಿ ದಿನಕ್ಕೆ ಸಾವಿರ, ಸಾವಿರದೈನೂರು. ರಾಣಿ ಮತ್ತೆ ಅನ್ನ ನೆಕ್ಕುವ ಹೊತ್ತಿಗೆ ಒಟ್ಟು ಒಂಬತ್ತು ಸಾವಿರ ದಾಟಿತ್ತು. ನಗರದ ದೊಡ್ಡ ಆಸ್ಪತ್ರೆಯಲ್ಲಿ ಒಳರೋಗಿಯಾಗಿಸಿದ್ದರೆ ಇದು ಎಷ್ಟೋ ಪಟ್ಟು ಆಗುತ್ತಿತ್ತು. ಶಿರವಳದಲ್ಲಿ ಕ್ರಾಂತಿಸಿಂಹ ನಾನಾ ಪಾಟೀಲ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿಗೆ ಒಯ್ಯಿರಿ ಎಂದವರಿದ್ದರು. ಸಾತಾರಾ ದಾಟಿ ಹೋಗಬೇಕು. ಗಾಡಿ ಬಾಡಿಗೆಯ ಮಾತು ಹಾಗಿರಲಿ, ಅಷ್ಟು ಗಂಟೆ ಸಲೈನಿಲ್ಲದೆ ಒಯ್ಯುವುದೇ ಮರಿಗೆ ಹೆಚ್ಚು ಅಪಾಯ. ಹತ್ತಿರದ ಸಾಮಾನ್ಯ ದವಾಖಾನೆಯ ಸಲೈನು ದೂರದ ಒಳ್ಳೆಯ ಆಸ್ಪತ್ರೆಗಿಂತ ಮೇಲು ಎಂದು ಆ ದಿನ ನಿರ್ಧರಿಸಿದೆವು. ಇವತ್ತೂ ಅದನ್ನೇ ಹೇಳುತ್ತೇನೆ.

ನಮ್ಮಂತೆ ರಾತ್ರಿ ಮನೆಯಲ್ಲಿಟ್ಟು ಹಗಲು ದವಾಖಾನೆಗೆ ಒಯ್ಯುವುದು ಬಡವರ ಅರೆಬರೆ ಚಿಕಿತ್ಸೆ ಎಂದು ಯಾರೂ ಕುಗ್ಗಬೇಕಿಲ್ಲ. ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯರು ಇಂಥ ಹೊರರೋಗಿ ಕ್ರಮವೊಂದನ್ನು ಒರೆಗೆ ಹಚ್ಚಿ ನೋಡಿ 2017ರಲ್ಲಿ ಪ್ರಕಟಿಸಿದರು. ನಲವತ್ತು ಪಾರ್ವೊ ನಾಯಿಗಳಲ್ಲಿ ಅರ್ಧ ಒಳರೋಗಿಗಳು. ಉಳಿದ ಅರ್ಧಕ್ಕೆ ಆರಂಭದಲ್ಲಿ ನರಕ್ಕೆ ಸಲೈನ್ ಕೊಟ್ಟು, ಮುಂದೆ ಚರ್ಮದಡಿ ದ್ರವ ಮತ್ತು ಇಂಜೆಕ್ಷನ್ನುಗಳ ಹೊರರೋಗಿ ಕ್ರಮ. ಒಳರೋಗಿಗಳಲ್ಲಿ ಶೇಕಡಾ 90, ಹೊರರೋಗಿ ಕ್ರಮದಲ್ಲಿ ಶೇಕಡಾ 80 ಬದುಕಿದವು. ಡಾಕ್ಟರ ಮುಂದೆ ಕೂತು ಬಾಯಿಬಿಟ್ಟು ಕೇಳಬೇಕಾದದ್ದು ಇದನ್ನೇ: "ನನ್ನ ಹತ್ತಿರ ಇಷ್ಟೇ ಇದೆ. ಇಷ್ಟರಲ್ಲಿ ಯಾವುದನ್ನು ಬಿಡಬಾರದು, ಯಾವುದನ್ನು ಬಿಟ್ಟರೆ ನಡೆಯುತ್ತದೆ?" ಹೀಗೆ ಕೇಳಿದರೆ ಡಾಕ್ಟರಿಗೂ ದಾರಿ ಸಿಗುತ್ತದೆ. ಸಲೈನು, ವಾಂತಿಯ ಇಂಜೆಕ್ಷನ್ನು, ಆಂಟಿಬಯೋಟಿಕ್ಕು ಬಿಡುವಂಥವಲ್ಲ. ಟಾನಿಕ್ಕು ಮತ್ತು ಡಬ್ಬಿಯ ದುಬಾರಿ ಆಹಾರ ಆಮೇಲಿನ ಮಾತು. ವಾಂತಿ ನಿಂತ ಮೇಲೆ ಬೇಯಿಸಿದ ಕೋಳಿ ಮತ್ತು ಮೆತ್ತನೆಯ ಅನ್ನ ನಮಗೆ ಸಾಕಾಯಿತು.

ರಕ್ತ ಕಂಡ ಕೂಡಲೇ ಎಲ್ಲವೂ ಪಾರ್ವೊ ಅಲ್ಲ. ದೊಡ್ಡ ನಾಯಿ, ಲಸಿಕೆ ಪೂರ್ತಿಯಾಗಿದೆ, ಬಾಲ ಅಲ್ಲಾಡಿಸುತ್ತದೆ, ಊಟ ಮಾಡುತ್ತದೆ, ಮಲದ ತುದಿಗೆ ಒಂದು ಕೆಂಪು ಗೆರೆ ಇದೆ ಎಂದರೆ ಒಂದು ದಿನ ಸಪ್ಪೆ ಊಟ ಕೊಟ್ಟು ಕಾಯಬಹುದು. ಮರಿಯಾದರೆ ಕಾಯುವಂತಿಲ್ಲ. ವಾಂತಿ ಜೊತೆಗಿದ್ದರೆ, ಬಿದ್ದುಕೊಂಡಿದ್ದರೆ, ಮಲ ಡಾಂಬರಿನಂತೆ ಕಪ್ಪಗಿದ್ದರೆ ಯಾವ ವಯಸ್ಸಿನ ನಾಯಿಯನ್ನೂ ಕಾಯಿಸಬಾರದು. ಕಪ್ಪು ಮಲವೆಂದರೆ ರಕ್ತ ಮೇಲೆ ಹೊಟ್ಟೆಯಲ್ಲಿ ಸೋರಿ ಅರಗಿ ಇಳಿದದ್ದು. ಕೊಕ್ಕೆಹುಳು, ಉಣ್ಣೆಜ್ವರ, ನೂಲಿನ ಗೋದಾಮಿನಲ್ಲೂ ಕಬ್ಬಿನ ಹೊಲದ ಬದುವಿನಲ್ಲೂ ಇಟ್ಟ ಇಲಿಪಾಷಾಣ, ಇವೆಲ್ಲದರಲ್ಲೂ ರಕ್ತ ಕಾಣಿಸುತ್ತದೆ. ಇಲಿಪಾಷಾಣದ ಅನುಮಾನವಿದ್ದರೆ ಅದರ ಪೊಟ್ಟಣವನ್ನೂ ಡಾಕ್ಟರ ಬಳಿ ಒಯ್ಯಿರಿ. ಇನ್ನೊಂದು ಕಾರಣ ನಮ್ಮ ಮನೆಯ ಔಷಧ ಡಬ್ಬಿಯಲ್ಲೇ ಇರುತ್ತದೆ. ಕಾಲು ಕುಂಟುತ್ತಿದೆ ಎಂದು ನಾಯಿಗೆ ಕೊಡುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಗುಳಿಗೆ ಅದರ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತದೆ. ಐದು ರೂಪಾಯಿಯ ಗುಳಿಗೆ ಐದು ಸಾವಿರದ ಬಿಲ್ಲಾಗುತ್ತದೆ. ಮೆಡಿಕಲ್ಲಿನಲ್ಲಿ ಕೇಳಿ ತರುವ ಭೇದಿ ನಿಲ್ಲಿಸುವ ಗುಳಿಗೆಯೂ ಬೇಡ. ಸೋಂಕಿನ ಭೇದಿಯಲ್ಲಿ ಕರುಳನ್ನು ಕಟ್ಟಿಹಾಕಿದರೆ ವಿಷ ಒಳಗೇ ಉಳಿಯುತ್ತದೆ.

ದುಡ್ಡು ಎಲ್ಲಿಂದ? ನಮ್ಮ ಭಾಗದ ಪತಸಂಸ್ಥೆಗಳಲ್ಲಿ, ಅಂದರೆ ಪತ್ತಿನ ಸಂಘಗಳಲ್ಲಿ, ಇವತ್ತಿಗೂ ಮನೆಬಾಗಿಲಿಗೆ ಬರುವ ಪಿಗ್ಮಿ ಇದೆ. 1928ರಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ದಿನಕ್ಕೆ ಎರಡಾಣೆಯಂತೆ ಕೂಡಿಸಲು ಶುರು ಮಾಡಿದ ಪದ್ಧತಿ ಅದು. ಕರಾವಳಿಯಲ್ಲಿ ಹುಟ್ಟಿದ ಆ ಪದ್ಧತಿ ನಮ್ಮೂರ ಪಂಚಗಂಗೆಯ ದಂಡೆಯಲ್ಲೂ ಬೇರೂರಿದೆ. ದಿನಕ್ಕೆ 20 ರೂಪಾಯಿಯ ಬೇರೆಯೇ ಪಿಗ್ಮಿಯೊಂದನ್ನು ರಾಣಿಗಾಗಿ ಹಾಕಿದ್ದೇವೆ. ವರ್ಷಕ್ಕೆ 7,300 ಆಗುತ್ತದೆ. ಒಂದು ಎಚ್ಚರಿಕೆ ಇದೆ. ಅವಧಿಗೆ ಮೊದಲು ಮುರಿದರೆ ಬಡ್ಡಿ ಹೋಗಬಹುದು, ಕೆಲವು ಕಡೆ ಕಡಿತವೂ ಇರುತ್ತದೆ. ಅಲ್ಲದೆ ರಾತ್ರಿ ಹತ್ತಕ್ಕೆ ಪತಸಂಸ್ಥೆ ತೆರೆದಿರುವುದಿಲ್ಲ. ಹಾಗಾಗಿ ಮೊದಲ ದಿನದ ಎರಡು ಸಾವಿರ ಮನೆಯಲ್ಲೇ ನಗದಾಗಿ ಇರಬೇಕು, ಲಸಿಕೆಯ ಪುಸ್ತಕದ ಒಳಗೇ. ಭಿಶಿಯನ್ನು ನಂಬಿ ಕೂರಬೇಡಿ. ಚೀಟಿ ಎತ್ತುವ ಸರದಿ ನಿಮ್ಮದಾಗುವ ತಿಂಗಳೇ ಕಾಯಿಲೆ ಬರಬೇಕೆಂದಿಲ್ಲ.

ನಾಯಿಗೂ ವಿಮೆ ಸಿಗುತ್ತದೆ, ದೊಡ್ಡ ನಾಯಿಗೆ ಅದು ಯೋಚಿಸುವಂಥದ್ದೇ. ಪಾರ್ವೊಗೆ ಮಾತ್ರ ಅದನ್ನು ನೆಚ್ಚಲಾಗದು. ಎಳೆಯ ಮರಿಗಳನ್ನು ಸಾಮಾನ್ಯವಾಗಿ ವಿಮೆಗೆ ಸೇರಿಸುವುದೇ ಇಲ್ಲ, ಸೇರಿದ ಮೇಲೂ ಕಾಯುವ ಅವಧಿ ಇರುತ್ತದೆ, ಲಸಿಕೆ ಪೂರ್ತಿಯಾಗದಿದ್ದರೆ ಕ್ಲೇಮು ನಿಲ್ಲುವುದು ಕಷ್ಟ. ಪಾರ್ವೊ ಹೆಚ್ಚಾಗಿ ಹಿಡಿಯುವುದು ಆರು ವಾರದಿಂದ ಆರು ತಿಂಗಳೊಳಗೆ. ವಿಮೆ ಕೈಗೆ ಬರುವಷ್ಟರಲ್ಲಿ ಅಪಾಯದ ಬಹುಪಾಲು ದಾಟಿರುತ್ತದೆ.

ಆದ್ದರಿಂದ ಆ ವಯಸ್ಸಿನ ವಿಮೆಯೆಂದರೆ ಲಸಿಕೆಯೇ. ನಮ್ಮಲ್ಲಿ ಒಂದು ಡೋಸಿಗೆ ಎಂಟುನೂರು ಹಿಡಿಯಿರಿ, ಮೂರಕ್ಕೆ 2,400. ಒಂದೇ ಯಾಕೆ ಸಾಲದು ಎಂದು ನಮ್ಮ ಓಣಿಯಲ್ಲಿ ಎಲ್ಲರೂ ಕೇಳುತ್ತಾರೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವವರೆಗೆ ಲಸಿಕೆಯನ್ನು ಅದೇ ಹೊಡೆದುಹಾಕುತ್ತದೆ. ಅದು ಯಾವ ವಾರ ಇಳಿಯುತ್ತದೆಂದು ಒಂದೊಂದು ಮರಿಗೂ ಒಂದೊಂದು ಲೆಕ್ಕ. ಆರರಿಂದ ಎಂಟನೇ ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾ, ಹದಿನಾರು ವಾರ ದಾಟಿದ ಮೇಲೆ ಕೊನೆಯದನ್ನು ಹಾಕಿಸಬೇಕು. ವರ್ಷದ ನಂತರ ಮತ್ತೊಂದು. ರಾಣಿ ಸಿಕ್ಕಿಬಿದ್ದದ್ದು ಎರಡು ಡೋಸುಗಳ ನಡುವಿನ ಈ ಸಂದಿನಲ್ಲೇ. ಆ ಸಂದಿನಲ್ಲಿ ಮರಿಯನ್ನು ಬೀದಿಯ ನೆಲಕ್ಕೆ ಬಿಡದಿರುವುದಕ್ಕೆ ಒಂದು ಪೈಸೆಯೂ ಬೇಕಿಲ್ಲ, ಆದರೆ ವೈರಸ್ಸು ನಮ್ಮ ಚಪ್ಪಲಿಗೆ ಅಂಟಿಯೂ ಒಳಗೆ ಬರುತ್ತದೆ. ಮರಿ ಕೊಳ್ಳುವಾಗ "ಲಸಿಕೆ ಆಗೈತಿ" ಎಂಬ ಬಾಯಿಮಾತಿಗೆ ದುಡ್ಡು ಕೊಡಬೇಡಿ. ಬಾಟಲಿಯ ಚೀಟಿ, ತಾರೀಖು, ಡಾಕ್ಟರ ಸಹಿ ಪುಸ್ತಕದಲ್ಲಿ ಇರಬೇಕು. ಲಸಿಕೆ 2ರಿಂದ 8 ಡಿಗ್ರಿ ಥಂಡಿಯಲ್ಲೇ ಉಳಿಯಬೇಕಾದ ಸರಕು, ಬಿಸಿಲಲ್ಲಿ ಚೀಲದಲ್ಲಿ ತಂದು ಚುಚ್ಚಿದರೆ ಅದು ಬರೀ ನೀರು.

ನಮ್ಮ ಹಾತಕಣಂಗಲೆ ತಾಲೂಕಿನ ಸರಕಾರಿ ಪಶು ದವಾಖಾನೆಗಳಲ್ಲಿ ಎಮ್ಮೆ ಆಕಳದ್ದೇ ಗದ್ದಲ. ಆದರೂ ಅಲ್ಪ ಶುಲ್ಕದ ಕೇಸ್‌ಪೇಪರಿನಲ್ಲಿ ನಾಯಿಯನ್ನೂ ನೋಡುತ್ತಾರೆ, ಜಂತಿನ ಗುಳಿಗೆಯ ಲೆಕ್ಕವನ್ನಾದರೂ ಅಲ್ಲಿ ಕೇಳಿಕೊಳ್ಳಿ.

ರಾಣಿ ಎದ್ದು ಓಡಾಡತೊಡಗಿದ ಮೇಲೂ ಎರಡು ವಾರ ಅವಳ ಮಲದಲ್ಲಿ ವೈರಸ್ ಇಳಿಯುತ್ತಿತ್ತು ಎಂದೇ ಹಿಡಿದು ನಡೆದೆವು. ಅಂಗಳದಲ್ಲಿ ಬಿದ್ದದ್ದು ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನೈಲಿಗೆ ಜಗ್ಗುವುದಿಲ್ಲ. ಅದಕ್ಕೆ ಬ್ಲೀಚೇ ಬೇಕು; ಬಟ್ಟೆ ಬಿಳುಪು ಮಾಡುವ ಆ ಹೈಪೊ ಈ ಊರಿಗೆ ಹೊಸದಲ್ಲ. ಮನೆಬಳಕೆಯ ಬ್ಲೀಚ್ ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ, ನೆಲವನ್ನು ಮೊದಲು ತೊಳೆದು, ಆಮೇಲೆ ಸುರಿದು ಹತ್ತು ನಿಮಿಷ ಬಿಡಬೇಕು. ಬಚ್ಚಲಿನ ಆಸಿಡ್ ಜೊತೆ ಮಾತ್ರ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ. ಲೂಮ್ ಶೆಡ್ಡಿನ ಹಿಂದೆ ಬೀದಿನಾಯಿಯೊಂದು ಮರಿ ಹಾಕಿದೆ. ಈ ವರ್ಷದ ಪಿಗ್ಮಿಯಲ್ಲಿ ಉಳಿದದ್ದರಿಂದ ಆ ಮರಿಗಳಿಗೂ ಲಸಿಕೆ ಶುರು ಮಾಡಿಸಿದ್ದೇವೆ, ಎರಡನೆಯ ಡೋಸಿಗೆ ಪಕ್ಕದ ಮನೆಯ ವೈನಿ ಅರ್ಧ ಕೊಡುತ್ತೇನೆ ಎಂದಿದ್ದಾರೆ.