ಮಗ್ಗ ನಿಮ್ದು, ಹೊಣೆ ಯಾರದು?

ನಮ್ಮ ಕ್ಲಬ್ಬಿನಲ್ಲಿ ಮೂವರು ರಬಕವಿ-ಬನಹಟ್ಟಿ ಕಡೆಯವರಿದ್ದಾರೆ. ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಏಳೆಂಟು ಜನ ಅವರ ಊರಿಗೆ ಹೋಗಿದ್ದೆವು. ಬಸ್ ಇಳಿದು ಓಣಿಗೆ ತಿರುಗಿದರೆ ಸಾಕು, ಮಗ್ಗದ ಸದ್ದು ಶುರು. ಊಟದ ಹೊತ್ತು, ಮಲಗುವ ಹೊತ್ತು ಯಾವುದಕ್ಕೂ ಅದು ನಿಲ್ಲುವುದಿಲ್ಲ. ನಮ್ಮಲ್ಲಿ ಮೆಕ್ಯಾನಿಕಲ್ ಓದುವವರಿಗೆ ಲಾಳಿ ಓಡುವುದನ್ನು ನೋಡುವುದೇ ಒಂದು ಪ್ರಾಕ್ಟಿಕಲ್ ಆಯಿತು.

ಆದರೆ ಗೆಳೆಯನೊಬ್ಬನ ಪಕ್ಕದ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿದ್ದವು, ಓಡುತ್ತಿದ್ದುದು ಒಂದೇ. ಯಾಕೆ ಕಾಕಾ ಅಂತ ಕೇಳಿದೆವು.

"ಬೀಮು ಬಂದಿಲ್ರಿ."

ಬೀಮು ಅಂದರೆ ಹಾಸಿನ ನೂಲು ಸುತ್ತಿದ ದೊಡ್ಡ ಉರುಳೆ. ಅದನ್ನು ಕೊಡುವವರು ಮಾಲಕರು. ಹೊಕ್ಕಿನ ನೂಲೂ ಅವರದೇ. ನೇಯ್ದ ಸೀರೆ ಎಣಿಸಿ ಮಜೂರಿ ಕೊಡುತ್ತಾರೆ. ಸೀರೆಯಲ್ಲಿ ದೋಷ ಕಂಡರೆ ಮಜೂರಿಯಲ್ಲಿ ಕಡಿತ.

"ಅಂದ್ರೆ ನೀವು ಮಾಲಕರ ಕಡೆ ಕೆಲಸಕ್ಕಿದ್ದೀರಿ?"

"ಎಲ್ಲೀದಪಾ! ಮಗ್ಗ ನಮ್ದು, ಮನಿ ನಮ್ದು, ಕೈಕಾಲು ನಮ್ದು. ಅವ್ರು ನೂಲು ಕೊಡ್ತಾರ, ನಾವು ಸೀರಿ ಕೊಡ್ತೀವಿ. ಅಷ್ಟ."

ಕಾಕಾ ನಗುತ್ತಲೇ ಹೇಳಿದರು. ಅವರಿಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಬೀಮು ಬಾರದ ದಿನಕ್ಕೆ ದುಡ್ಡೂ ಇಲ್ಲ. ಮೂವತ್ತು ವರ್ಷ ಒಂದೇ ಮನೆತನದ ಮಾಲಕರಿಗೆ ನೇಯ್ದವರು ಅವರು. ಲೆಕ್ಕದ ಪ್ರಕಾರ ಅವರು ಯಾರ ಕೆಲಸಗಾರರೂ ಅಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಇದೇ ಚರ್ಚೆ. ಡಿಸೈನ್ ಮಾಲಕರದು, ನೂಲು ಅವರದು, ರೇಟು ಅವರದು, ಮಾರುಕಟ್ಟೆಯೂ ಅವರದು. ಕಷ್ಟ ಮಾತ್ರ ನೇಕಾರನದು ಹೇಗೆ? ಆಗ ನಮ್ಮ ಕಾರವಾರದ ಗೆಳೆಯ, "ನಮ್ಮ ದೊಡ್ಡಪ್ಪನ ಮಗ ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ಇದ್ದಾನೆ. ಅವನಿಗೂ ಇದೇ ಗೊಂದಲ. ಕೆಲಸ ಕೊಡಿಸಿದ್ದು ಮುಂಬೈ ಏಜೆಂಟ್, ಹಡಗು ಇನ್ಯಾರದೋ" ಅಂದ. ರಬಕವಿಯ ಮಗ್ಗಕ್ಕೂ ಸಮುದ್ರದ ಹಡಗಿಗೂ ಏನು ಸಂಬಂಧ ಅಂತ ನಾವು ಮೊದಲು ನಕ್ಕೆವು. ಕ್ಯಾಂಪಸ್ಸಿಗೆ ಬಂದು ಓದಲು ಕೂತಾಗ ಸಂಬಂಧ ಇದೆ ಅಂತ ಗೊತ್ತಾಯಿತು. ಓದಿದ್ದನ್ನು ಇಲ್ಲಿ ಪಾಠದ ಹಾಗೆ ಬರೆದಿದ್ದೇವೆ.

1. ಹಡಗು: ಒಂದೇ ಸೂರು, ಹತ್ತು ಗುತ್ತಿಗೆ

ಹೊರಗಿನಿಂದ ಕ್ರೂಸ್ ಹಡಗು ತೇಲುವ ಒಂದು ಹೋಟೆಲ್ ಥರ ಕಾಣುತ್ತದೆ. ಒಳಗಿನ ಲೆಕ್ಕ ಬೇರೆ. ಹಡಗು ನಡೆಸುವವರು, ಅಡುಗೆ ಮತ್ತು ಕೋಣೆ ನೋಡಿಕೊಳ್ಳುವವರು ಒಂದು ಕಡೆ. ಸ್ಪಾ, ಅಂಗಡಿ, ಫೋಟೊ ವಿಭಾಗಗಳನ್ನು ಎಷ್ಟೋ ಹಡಗುಗಳಲ್ಲಿ ಬೇರೆ ಕಂಪನಿಗಳು ಗುತ್ತಿಗೆ ಹಿಡಿದು ನಡೆಸುತ್ತವೆ. ಕಂಪನಿಯ ಮುಖ್ಯ ಕಚೇರಿ ಅಮೆರಿಕದ ಮಯಾಮಿಯಲ್ಲಿ, ಹಡಗಿನ ನೋಂದಣಿ ಬಹಾಮಾಸ್ ಅಥವಾ ಪನಾಮಾದಲ್ಲಿ, ಕೆಲಸಗಾರ ಭಾರತದವನೋ ಫಿಲಿಪೀನ್ಸಿನವನೋ. ಅವನನ್ನು ಕಳಿಸಿದ ಏಜೆಂಟ್ ಇನ್ನೊಂದು ಊರಲ್ಲಿ. ಸಂಬಳ ಬರದಿದ್ದರೆ ಯಾರನ್ನು ಕೇಳಬೇಕು?

2020ರ ಫೆಬ್ರವರಿಯಲ್ಲಿ ಈ ಪ್ರಶ್ನೆಯನ್ನು ಇಡೀ ಜಗತ್ತು ನೋಡಿತು. ಡೈಮಂಡ್ ಪ್ರಿನ್ಸೆಸ್ ಎಂಬ ಹಡಗು ಜಪಾನಿನ ಯೊಕೊಹಾಮಾದಲ್ಲಿ ನಿಂತಿತ್ತು. ಅದರಲ್ಲಿ ಸುಮಾರು 3,700 ಜನ, ಅವರಲ್ಲಿ ಸಾವಿರಕ್ಕೂ ಹೆಚ್ಚು ಸಿಬ್ಬಂದಿ. ಕೊರೊನಾ ಕಾಣಿಸಿಕೊಂಡಾಗ ಪ್ರಯಾಣಿಕರನ್ನು ಅವರವರ ಕೋಣೆಗಳಲ್ಲೇ ಇರಿಸಿದರು. ಆದರೆ ಅವರಿಗೆ ಊಟ ತಲುಪಿಸುವವರು ಯಾರು? ಸಿಬ್ಬಂದಿ ಅಡುಗೆ ಮಾಡುತ್ತಲೇ ಇದ್ದರು, ಬಾಗಿಲು ಬಾಗಿಲಿಗೆ ತಟ್ಟೆ ಇಡುತ್ತಲೇ ಇದ್ದರು. ಮಲಗುವುದು ಹಂಚಿಕೊಂಡ ಕೋಣೆಯಲ್ಲಿ, ಉಣ್ಣುವುದು ಒಟ್ಟಿಗೆ. ಕೊನೆಗೆ ಹಡಗಿನಲ್ಲಿ 700ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. ಅಲ್ಲಿದ್ದ 138 ಭಾರತೀಯರಲ್ಲಿ 132 ಜನ ಸಿಬ್ಬಂದಿ. ಅವರಲ್ಲಿ ಕೆಲವರು ವಿಡಿಯೊ ಮಾಡಿ ನಮ್ಮ ಪ್ರಧಾನಿಗೆ ಮೊರೆಯಿಟ್ಟರು. ದುಡಿಯುತ್ತಿದ್ದುದು ಬೇರೆ ದೇಶದ ಕಂಪನಿಗೆ, ಕಾಪಾಡಿ ಅಂತ ಕೂಗಿದ್ದು ತಮ್ಮ ದೇಶಕ್ಕೆ.

ಹಾಗಂತ ಸಮುದ್ರದಲ್ಲಿ ಕಾನೂನೇ ಇಲ್ಲ ಅಂದುಕೊಳ್ಳಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2006ರಲ್ಲಿ ಸಾಗರ ಕಾರ್ಮಿಕ ಒಡಂಬಡಿಕೆಯನ್ನು ಒಪ್ಪಿತು. ಅದು 2013ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. 2015ರಲ್ಲಿ ಭಾರತವೂ ಅನುಮೋದಿಸಿತು. ಅದರ ಎರಡು ವ್ಯಾಖ್ಯೆಗಳನ್ನು ಗಮನಿಸಿ.

ಒಂದು, ನಾವಿಕ ಅಂದರೆ ಹಡಗಿನಲ್ಲಿ ಯಾವುದೇ ಬಗೆಯ ಕೆಲಸ ಮಾಡುವವನು. ಎಂಜಿನ್ ನೋಡುವವನಷ್ಟೇ ಅಲ್ಲ, ಈರುಳ್ಳಿ ಹೆಚ್ಚುವವನೂ ನಾವಿಕನೇ. ಎರಡು, ಹಡಗಿನ ಮಾಲೀಕ ಅಂದರೆ ಹಡಗು ನಡೆಸುವ ಹೊಣೆ ಹೊತ್ತವನು. ಅವನ ಪರವಾಗಿ ಕೆಲವು ಕರ್ತವ್ಯಗಳನ್ನು ಬೇರೆ ಸಂಸ್ಥೆಗಳು ಮಾಡುತ್ತಿದ್ದರೂ ಹೊಣೆ ಅವನದೇ. ಅಂದರೆ "ಅವನು ನಮ್ಮವನಲ್ಲ, ಗುತ್ತಿಗೆಯವನು" ಎಂಬ ಮಾತಿಗೆ ಅಲ್ಲಿ ಜಾಗವೇ ಇಲ್ಲ.

2017ರ ಜನವರಿಯಿಂದ ಇನ್ನೊಂದು ನಿಯಮ ಸೇರಿತು. ಎರಡು ತಿಂಗಳು ಸಂಬಳ ಕೊಡದೆ ಬಿಟ್ಟರೆ ನಾವಿಕನನ್ನು ಕೈಬಿಟ್ಟಂತೆ ಎಂದೇ ಲೆಕ್ಕ. ಆಗ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಮತ್ತು ಊರಿಗೆ ಮರಳುವ ಖರ್ಚಿಗೆ ಮಾಲೀಕ ಮೊದಲೇ ವಿಮೆಯಂಥ ಭದ್ರತೆ ಇಟ್ಟಿರಬೇಕು. ಅದರ ಪ್ರಮಾಣಪತ್ರ ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಎಲ್ಲ ಹಡಗಿನಲ್ಲೂ ಎಲ್ಲವೂ ಹೀಗೇ ನಡೆಯುತ್ತದೆ ಅಂತಲ್ಲ. ಆದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಉತ್ತರ ಬರೆದಿಟ್ಟಿದೆ.

ನಮ್ಮವರು ಯಾರಾದರೂ ಕ್ರೂಸ್ ಕೆಲಸಕ್ಕೆ ಹೊರಟಿದ್ದರೆ ಇಷ್ಟು ಹೇಳಿ. ಏಜೆಂಟರಿಗೆ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇರಲೇಬೇಕು. ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ಎದ್ದು ಬನ್ನಿ.

2. ಬೀಡಿ: ಮನೆಯಲ್ಲಿ ಕೂತವರೂ ಕೆಲಸಗಾರರೇ

"ಹಡಗಿನಲ್ಲಿ ಸರಿ, ಎಲ್ಲರೂ ಮಾಲೀಕನ ಸೂರಿನಡಿ ಇರ್ತಾರೆ. ನೇಕಾರ ತನ್ನ ಮನೆಯಲ್ಲಿ ಇರ್ತಾನಲ್ಲ?" ನಮ್ಮ ಚರ್ಚೆಯಲ್ಲಿ ಬಂದ ಒಳ್ಳೆಯ ಆಕ್ಷೇಪ ಇದು. ಇದಕ್ಕೆ ಉತ್ತರ ನಮ್ಮ ಕರಾವಳಿಯಲ್ಲೇ ಇದೆ.

ದಕ್ಷಿಣ ಕನ್ನಡದಲ್ಲಿ ಹೆಂಗಸರು ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಾರೆ. ಎಲೆ, ಹೊಗೆಸೊಪ್ಪು ಕೊಡುವವನು ಗುತ್ತಿಗೆದಾರ. ಕಟ್ಟಿದ್ದನ್ನು ಎಣಿಸಿ ತಗೊಳ್ಳುವವನೂ ಅವನೇ. ಬೀಡಿಯ ಮೇಲೆ ಹೆಸರು ಮಾತ್ರ ಕಂಪನಿಯದು. ಮಗ್ಗದ ಲೆಕ್ಕವೂ ಹೀಗೇ ಅಲ್ಲವೇ?

1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮಾಡಿತು. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ, ಗುತ್ತಿಗೆದಾರ ನಡುವೆ ಇದ್ದರೂ ಯಾರಿಗಾಗಿ ಬೀಡಿ ತಯಾರಾಗುತ್ತದೋ ಅವರೇ ಮುಖ್ಯ ಉದ್ಯೋಗದಾತರು ಎಂದು ಅದು ಹೇಳಿತು. ಕಂಪನಿಗಳು ಕೋರ್ಟಿಗೆ ಹೋದವು. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಮುಂದೆ 1985ರಲ್ಲಿ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪಿಎಫ್ ಅನ್ವಯಿಸುತ್ತದೆ ಎಂದಿತು. ಕಾರಣ ಏನು ಗೊತ್ತೇ? ಸರಿಯಿಲ್ಲದ ಬೀಡಿಯನ್ನು ತಿರಸ್ಕರಿಸುವ ಅಧಿಕಾರ ಕಂಪನಿಗಿದೆ. ತಿರಸ್ಕರಿಸುವ ಅಧಿಕಾರ ಇದ್ದಲ್ಲಿ ಹಿಡಿತ ಇದೆ, ಹಿಡಿತ ಇದ್ದಲ್ಲಿ ಹೊಣೆಯೂ ಇದೆ.

ಇದನ್ನು ಓದಿದಾಗ ನಮಗೆಲ್ಲ ಕಾಕಾರ ಸೀರೆಯ ಕಡಿತ ನೆನಪಾಯಿತು. ಬೀಡಿ ಕಟ್ಟುವ ಅಕ್ಕನಿಗೂ ಸೀರೆ ನೇಯುವ ಕಾಕಾನಿಗೂ ಕೆಲಸದ ಬಗೆ ಒಂದೇ. ಆದರೆ ಅಕ್ಕನ ಹೆಸರನ್ನು ಕಾನೂನು ಬರೆದುಕೊಂಡಿತು, ಕಾಕಾನ ಹೆಸರನ್ನು ಬರೆದುಕೊಳ್ಳಲಿಲ್ಲ. 2020ರ ಲಾಕ್‌ಡೌನಿನಲ್ಲಿ ಮಗ್ಗ ನಿಂತಾಗ ಸರ್ಕಾರ ನೇಕಾರ ಸಮ್ಮಾನ್ ಯೋಜನೆಯಡಿ ಕೈಮಗ್ಗ ನೇಕಾರರಿಗೆ 2,000 ರೂಪಾಯಿ ಕೊಟ್ಟಿತು. ಅದು ಸಹಾಯ. ಹಕ್ಕು ಬೇರೆ, ಸಹಾಯ ಬೇರೆ.

ಮಾಲಕರ ಪರವಾಗಿಯೂ ಒಂದು ಮಾತು ಹೇಳಬೇಕು. ರಬಕವಿಯ ಎಷ್ಟೋ ಮಾಲಕರು ದೊಡ್ಡ ಕುಳಗಳೇನಲ್ಲ. ನೂಲಿನ ದರ ಏರಿದರೆ, ಹೊರಗಿನ ವ್ಯಾಪಾರಿ ದುಡ್ಡು ತಡಮಾಡಿದರೆ ಅವರೂ ಕಂತು ಕಟ್ಟಲಾರದೆ ಒದ್ದಾಡುತ್ತಾರೆ. ಎಲ್ಲ ಹೊಣೆಯನ್ನೂ ಅವರೊಬ್ಬರ ತಲೆಗೆ ಕಟ್ಟಿದರೆ ಮಗ್ಗವೇ ನಿಂತೀತು. ಬೀಡಿಯಲ್ಲಿ ಇದಕ್ಕೂ ಒಂದು ದಾರಿ ಇತ್ತು. 1976ರ ಕಾಯ್ದೆಯಡಿ ಮಾಲಿನ ಮೇಲೆ ಸಣ್ಣ ಸೆಸ್ ಹಾಕಿ ಕಾರ್ಮಿಕರ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ ನಡೆಸುತ್ತಿದ್ದರು. ಜಿಎಸ್‌ಟಿ ಬಂದಾಗ ಆ ಸೆಸ್ ಹೋಯಿತು. ಆದರೆ ಸೀರೆ ಕೊಳ್ಳುವವರವರೆಗೆ ಇರುವ ಇಡೀ ಸರಪಳಿ ಹೊಣೆಯನ್ನು ಹಂಚಿಕೊಳ್ಳಬಹುದು ಎಂಬುದಕ್ಕೆ ಅದು ಉದಾಹರಣೆ.

3. ನರಸಾಪುರ: ಇಲ್ಲಿ ನಾವು ಬರುತ್ತೇವೆ

ಮಗ್ಗ, ಹಡಗು, ಬೀಡಿ ಯಾವುದೂ ನಮ್ಮ ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಇಲ್ಲ ಅನ್ನುವವರಿಗೆ ಈ ಭಾಗ.

2020ರ ಡಿಸೆಂಬರ್ 12ರ ಬೆಳಗ್ಗೆ ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಾಟೆಯಾಯಿತು. ಐಫೋನ್ ಜೋಡಿಸುವ ಘಟಕ ಅದು. ಗಾಜು ಒಡೆದರು, ವಾಹನ ಸುಟ್ಟರು, ನೂರಕ್ಕೂ ಹೆಚ್ಚು ಜನ ಬಂಧನಕ್ಕೊಳಗಾದರು. ಒಡೆದದ್ದು ಸರಿ ಅಂತ ನಾವು ಹೇಳುವುದಿಲ್ಲ. ಆದರೆ ಯಾಕೆ ಒಡೆದರು ಅಂತಲೂ ಕೇಳಬೇಕು. ಅಲ್ಲಿ ಬಹಳಷ್ಟು ಕೆಲಸಗಾರರು ಬೇರೆ ಬೇರೆ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಎಂಜಿನಿಯರಿಂಗ್ ಮುಗಿಸಿದವರಿಗೆ ತಿಂಗಳಿಗೆ 21,000 ರೂಪಾಯಿ ಅಂತ ಹೇಳಿ, ಕೈಗೆ 16,000, ಆಮೇಲೆ 12,000 ಬಂತು ಎಂದು ಆಗ ಪತ್ರಿಕೆಗಳು ಬರೆದವು.

ಇಲ್ಲಿನ ಸರಪಳಿ ನೋಡಿ. ಮೇಲೆ ಆ್ಯಪಲ್, ಅದರ ಕೆಳಗೆ ವಿಸ್ಟ್ರಾನ್, ಅದರ ಕೆಳಗೆ ಏಜೆನ್ಸಿಗಳು, ಎಲ್ಲಕ್ಕಿಂತ ಕೆಳಗೆ ಕೆಲಸಗಾರ. ಒಂದೇ ವಾರದಲ್ಲಿ ಆ್ಯಪಲ್ ತನಿಖೆ ಮಾಡಿ, ಕೆಲಸದ ಅವಧಿ ದಾಖಲಿಸುವ ಸರಿಯಾದ ವ್ಯವಸ್ಥೆ ಇರಲಿಲ್ಲ, ಅದರಿಂದ ಅಕ್ಟೋಬರ್, ನವೆಂಬರ್‌ನಲ್ಲಿ ಕೆಲವರ ಸಂಬಳ ತಡವಾಯಿತು ಎಂದಿತು. ಸರಿಪಡಿಸುವವರೆಗೆ ವಿಸ್ಟ್ರಾನ್‌ಗೆ ಹೊಸ ಕೆಲಸ ಇಲ್ಲ ಎಂದೂ ಹೇಳಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಸರಪಳಿಯ ತುದಿಯಲ್ಲಿದ್ದವರು ಬಾಯಿ ತೆರೆದ ಮೇಲೆ ಕೆಳಗಿನದೆಲ್ಲ ಅಲುಗಾಡಿತು.

ಗೆಳೆಯರೇ, ದಾಖಲಿಸುವ ವ್ಯವಸ್ಥೆ ಅಂದರೆ ಏನು? ಬಯೋಮೆಟ್ರಿಕ್ ಯಂತ್ರ, ಡೇಟಾಬೇಸ್, ಪಾಳಿಯ ಲೆಕ್ಕ ಹಾಕುವ ಸಾಫ್ಟ್‌ವೇರ್. ನಾವು ನೀವು ಮಾಡುವ ಕೆಲಸ. ಅಲ್ಲಿ ಒಂದು ಸಾಲು ತಪ್ಪಿದರೆ ಯಾರದೋ ಮನೆಯ ಬಾಡಿಗೆ ತಪ್ಪುತ್ತದೆ.

ಇನ್ನು ಕಾನೂನು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21ನೇ ಕಲಂ ಪ್ರಕಾರ ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮುಖ್ಯ ಉದ್ಯೋಗದಾತನೇ ಪೂರ್ತಿ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಸಂಬಳ ಹಂಚುವಾಗ ಅವನ ಪ್ರತಿನಿಧಿ ಎದುರಿಗಿರಬೇಕಿತ್ತು, ನನ್ನೆದುರಿಗೇ ಕೊಟ್ಟರು ಅಂತ ರಿಜಿಸ್ಟರಿನಲ್ಲಿ ಸಹಿ ಹಾಕಬೇಕಿತ್ತು. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಮೊದಲು 20 ಗುತ್ತಿಗೆ ಕಾರ್ಮಿಕರಿದ್ದರೆ ಅನ್ವಯವಾಗುತ್ತಿದ್ದುದು ಈಗ 50 ಜನರಿದ್ದರೆ. ಸಂಬಳದ ಕೊನೆಯ ಹೊಣೆ ಮುಖ್ಯ ಉದ್ಯೋಗದಾತನದು ಎಂಬುದು ಹಾಗೇ ಉಳಿದಿದೆ.

ಸೈಟಿನಲ್ಲಿ ಆ ಪ್ರತಿನಿಧಿ ಯಾರಾಗಿರುತ್ತಿದ್ದರು? ಎಷ್ಟೋ ಸಲ ಹೊಸದಾಗಿ ಸೇರಿದ ಜೂನಿಯರ್ ಎಂಜಿನಿಯರ್. "ಸಹಿ ಹಾಕ್ಬಿಡಪ್ಪಾ, ಎಲ್ಲಾ ಕೊಟ್ಟಾಗಿದೆ" ಅಂತ ರಿಜಿಸ್ಟರ್ ಮುಂದೆ ತಳ್ಳುತ್ತಿದ್ದರು. ನಮ್ಮ ಸೀನಿಯರ್ ಒಬ್ಬರು ಹೀಗೆ ನೋಡದೇ ಸಹಿ ಹಾಕಿ, ಮೂರು ತಿಂಗಳಾದ ಮೇಲೆ ಹನ್ನೊಂದು ಜನ ಕೂಲಿಕಾರರು ತಮ್ಮ ಬಾಗಿಲಿಗೇ ಬಂದು ನಿಂತದ್ದನ್ನು ನಮಗೆ ಹೇಳಿದರು. "ಅವರು ಬೈಯಲಿಲ್ಲ. ಸಾಹೇಬ್ರ, ನಿಮ್ಮ ಸಹಿ ಐತಲ್ರಿ ಅಂದರು ಅಷ್ಟೇ" ಅಂದರು.

4. ಈ ವಾರದ ಮನೆಗೆಲಸ

ದೂರದ ಹಡಗನ್ನು ನೋಡಿದ್ದಾಯಿತು, ಈಗ ಹತ್ತಿರ ಬನ್ನಿ. ನಮ್ಮ ಹಾಸ್ಟೆಲಿನ ನೆಲ ಒರೆಸುವ ಅಕ್ಕ, ಮೆಸ್ಸಿನ ಅಣ್ಣ, ಗೇಟಿನ ಕಾಕಾ ಎಲ್ಲರೂ ಗುತ್ತಿಗೆಯವರೇ. ನಾವು ಅಕ್ಕನನ್ನು "ನಿಮ್ಮ ಕಂಪನಿ ಹೆಸರೇನು?" ಅಂತ ಕೇಳಿದೆವು. "ಗೊತ್ತಿಲ್ಲಪ್ಪ, ಸೂಪರ್‌ವೈಸರ್ ನಂಬರ್ ಐತಿ" ಅಂದರು.

ನೀವೂ ಒಬ್ಬರೊಡನೆ ಮಾತಾಡಿ. ನಾಲ್ಕೇ ಪ್ರಶ್ನೆ: ಸಂಬಳ ಯಾವ ತಾರೀಕಿಗೆ ಬರುತ್ತದೆ? ಚೀಟಿ ಕೊಡುತ್ತಾರಾ? ಪಿಎಫ್ ನಂಬರ್ ಗೊತ್ತಾ? ಕೆಲಸದಲ್ಲಿ ಪೆಟ್ಟಾದರೆ ಯಾರ ಹತ್ತಿರ ಹೋಗಬೇಕು? ಪರೀಕ್ಷೆ ಮಾಡುವವರ ಹಾಗೆ ಕೇಳಬೇಡಿ, ಚಹಾ ಕುಡಿಯುತ್ತಾ ಕೇಳಿ. ಅವರ ಹೆಸರು ಬರೆದುಕೊಳ್ಳಬೇಡಿ, ಕೆಲಸಕ್ಕೆ ಕುತ್ತು ಬರಬಾರದು. ಪಿಎಫ್ ನಂಬರ್ ಇದ್ದವರಿಗೆ ಮೊಬೈಲಿನಲ್ಲಿ ಖಾತೆ ನೋಡುವುದು ಹೇಗೆ ಅಂತ ತೋರಿಸಿಕೊಡಿ. ಅಷ್ಟು ನಮಗೆ ಬರುತ್ತದೆ.

ಉತ್ತರಗಳನ್ನು ಮುಂದಿನ ಓದುಕೂಟಕ್ಕೆ ತನ್ನಿ. ಎಲ್ಲ ಸೇರಿಸಿ ಒಂದು ಪುಟದ ಮನವಿ ಬರೆದು ಕಾಲೇಜಿಗೆ ಕೊಡೋಣ ಅಂತ ಅಂದುಕೊಂಡಿದ್ದೇವೆ.

ರಬಕವಿಯಿಂದ ಹೊರಡುವಾಗ ಕಾಕಾ ನಮ್ಮನ್ನು ಬಸ್ ಸ್ಟ್ಯಾಂಡ್ ತನಕ ಬಿಡಲು ಬಂದಿದ್ದರು. "ನೀವೆಲ್ಲಾ ನಾಳೆ ಮಾಲಕರಾಗವ್ರು. ಆಗ ನಮ್ಮಂಥವ್ರ ನೆನಪಿಡ್ರಿ" ಅಂದರು. ಆಗ ನಾವು ನಕ್ಕು ಕೈಬೀಸಿದ್ದೆವು. ಇಷ್ಟು ಓದಿದ ಮೇಲೆ, ಆ ಮಾತಿಗೆ ನಕ್ಕಿದ್ದು ತಪ್ಪಾಯಿತು ಅನಿಸುತ್ತಿದೆ.