ಇಂದ್ರಿಯಗಳಿಗೆ ವಿಶ್ರಾಂತಿ ನೀಡುವ ಉಪ್ಪುನೀರಿನ ತೊಟ್ಟಿ

ನಾವು ಎಚ್ಚತ್ತಿರುವಷ್ಟು ಕಾಲವೂ ನಮ್ಮ ಇಂದ್ರಿಯಗಳು ಹೊರಜಗತ್ತಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತಲೇ ಇರುತ್ತವೆ. ಕತ್ತಲೆಯ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದರೂ ಈ ಕಾರ್ಯ ನಿಲ್ಲುವುದಿಲ್ಲ. ಹಾಸಿಗೆಯು ಬೆನ್ನನ್ನು ಒತ್ತುತ್ತದೆ; ಗಾಳಿಯು ಚರ್ಮವನ್ನು ತಣಿಸುತ್ತದೆ; ಬೀದಿಯ ಸದ್ದು ಕಿವಿಯನ್ನು ಸೇರುತ್ತದೆ; ಕತ್ತಿನ ಮಾಂಸಖಂಡಗಳು ತಲೆಯ ಭಾರವನ್ನು ತಿಳಿಸುತ್ತಿರುತ್ತವೆ. ಈ ಸುದ್ದಿಗಳನ್ನೆಲ್ಲ ಏಕಕಾಲದಲ್ಲಿ ಆದಷ್ಟು ಕಡಮೆ ಮಾಡಿದರೆ ಮಿದುಳು ಏನು ಮಾಡೀತು? ನಿದ್ದೆ ಹೋದೀತೆ? ಇಲ್ಲವೆ ತನ್ನಷ್ಟಕ್ಕೆ ತಾನೇ ದುಡಿಯುತ್ತಿದ್ದೀತೆ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹುಟ್ಟಿದ ಉಪಕರಣವೇ ತೇಲುತೊಟ್ಟಿ. ನೋಡಲು ಅದು ಒಂದು ಪೆಟ್ಟಿಗೆ, ಒಂದಿಷ್ಟು ನೀರು, ಬಹಳಷ್ಟು ಉಪ್ಪು, ಇಷ್ಟೆ. ಅಮೆರಿಕ ಮೊದಲಾದ ದೇಶಗಳಲ್ಲಿ ಅನೇಕರು ಇದನ್ನು ಅಲ್ಪವೆಚ್ಚದಲ್ಲಿ ಮನೆಯಲ್ಲಿಯೇ ಕಟ್ಟಿಕೊಂಡಿದ್ದಾರೆ. ಆದರೆ ಇದರ ಒಂದೊಂದು ಭಾಗದ ಹಿಂದೆಯೂ ಭೌತಶಾಸ್ತ್ರದ ಒಂದೊಂದು ನಿಯಮವಿದೆ. ಆ ನಿಯಮವನ್ನು ಬಲ್ಲವನಿಗೆ ಹಣವೂ ಉಳಿಯುತ್ತದೆ, ಪ್ರಾಣಕ್ಕೂ ಅಪಾಯವಿಲ್ಲ. ಅರಿಯದವನಿಗೆ ಎರಡೂ ನಷ್ಟವಾಗಬಹುದು. ಆದುದರಿಂದ ಮರಗೆಲಸಕ್ಕಿಂತ ಮೊದಲು ಲೆಕ್ಕವನ್ನು ಮಾಡುವುದು ಲೇಸು.

ಹುಟ್ಟಿದ ಬಗೆ

1950ರ ದಶಕದ ಆರಂಭದಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಹೆಬ್ ಎಂಬ ಮನಶ್ಶಾಸ್ತ್ರಜ್ಞರ ಪ್ರಯೋಗಶಾಲೆಯಲ್ಲಿ ಒಂದು ವಿಚಿತ್ರ ಪ್ರಯೋಗ ನಡೆಯಿತು. ಕಾಲೇಜಿನ ವಿದ್ಯಾರ್ಥಿಗಳಿಗೆ ದಿನಕ್ಕೆ 20 ಡಾಲರುಗಳನ್ನು ಕೊಟ್ಟು, ಸಣ್ಣ ಕೋಣೆಯೊಂದರಲ್ಲಿ ಸುಮ್ಮನೆ ಮಲಗಿರಲು ಹೇಳಿದರು. ಅವರ ಕಣ್ಣಿಗೆ ಆಕಾರಗಳನ್ನು ಮಬ್ಬಾಗಿಸುವ ಕನ್ನಡಕ. ಕೈಗೆ ಹತ್ತಿಯ ಗವಸು ಮತ್ತು ರಟ್ಟಿನ ತೋಳು. ಕೆಲಸವಿಲ್ಲದ ಈ ಕೆಲಸವನ್ನು ಎರಡು ಮೂರು ದಿನಗಳಿಗಿಂತ ಹೆಚ್ಚು ಸಹಿಸಿದವರು ವಿರಳ. ಅನೇಕರಿಗೆ ಇಲ್ಲದ ಚಿತ್ರಗಳು ಕಾಣತೊಡಗಿದುವು. ಬೆಕ್ಸ್‌ಟನ್, ಹೆರಾನ್, ಸ್ಕಾಟ್ ಎಂಬ ಮೂವರು ಸಂಶೋಧಕರು 1954ರಲ್ಲಿ ಇದರ ವರದಿಯನ್ನು ಪ್ರಕಟಿಸಿದರು.

ಅದೇ 1954ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಡಾ. ಜಾನ್ ಲಿಲ್ಲಿ ಎಂಬ ವೈದ್ಯವಿಜ್ಞಾನಿಯು ಇನ್ನೊಂದು ಮಾರ್ಗವನ್ನು ಹಿಡಿದರು. ಮೈಯ ಬಿಸುಪಿಗೆ ಸರಿಹೊಂದುವ ನೀರನ್ನು ತುಂಬಿದ ಕತ್ತಲೆಯ ತೊಟ್ಟಿಯಲ್ಲಿ, ಉಸಿರಾಡಲು ಮುಖವಾಡವನ್ನು ಧರಿಸಿ, ತಲೆಯವರೆಗೂ ಮುಳುಗಿ ಅವರು ತಮ್ಮ ಮೇಲೆಯೇ ಪ್ರಯೋಗವನ್ನು ನಡೆಸಿಕೊಂಡರು. ಹೊರಗಿನ ಪ್ರಚೋದನೆ ನಿಂತರೆ ಮಿದುಳು ನಿದ್ರಿಸುವುದೆಂಬ ಊಹೆಯು ಸುಳ್ಳಾಯಿತು. ಮಿದುಳು ಎಚ್ಚರವಾಗಿಯೇ ಇದ್ದು, ತನ್ನ ಆಲೋಚನೆಗಳಲ್ಲಿ ತಾನೇ ತೊಡಗಿತ್ತು.

ಮುಖವಾಡವು ಬಹಳ ತೊಡಕಿನದು. ಮುಂದೆ ಆಳವಾದ ಸಿಹಿನೀರಿಗೆ ಬದಲಾಗಿ ಆಳವಿಲ್ಲದ ಗಾಢ ಉಪ್ಪುನೀರನ್ನು ಬಳಸಿದಾಗ ಮುಖವು ತಾನಾಗಿಯೇ ನೀರಿನ ಮೇಲೆ ನಿಂತಿತು, ಮುಖವಾಡ ಬೇಡವಾಯಿತು. 1970ರ ದಶಕದ ಆರಂಭದಲ್ಲಿ ಗ್ಲೆನ್ ಪೆರಿ ಎಂಬ ಕಂಪ್ಯೂಟರ್ ತಜ್ಞರು ಲಿಲ್ಲಿಯವರಿಂದ ಪ್ರೇರಣೆ ಪಡೆದು ಮನೆಗಳಲ್ಲಿ ಇಡಬಹುದಾದ ತೊಟ್ಟಿಗಳನ್ನು ಮಾಡಿ ಮಾರತೊಡಗಿದರು. ಅವರ ಸಂಸ್ಥೆಯ ಹೆಸರು ‘ಸಮಾಧಿ’. ಯೋಗಶಾಸ್ತ್ರದ ಅರ್ಥದಲ್ಲಿ ಇಟ್ಟ ಹೆಸರೇ ಹೊರತು, ಕನ್ನಡಿಗರಿಗೆ ಥಟ್ಟನೆ ಹೊಳೆಯುವ ಇನ್ನೊಂದು ಅರ್ಥದಲ್ಲಿ ಅಲ್ಲ.

ತೇಲುವ ಲೆಕ್ಕ

ತೇಲುವ ವಸ್ತುವು ತನ್ನ ತೂಕದಷ್ಟೇ ತೂಕದ ದ್ರವವನ್ನು ಸ್ಥಾನಪಲ್ಲಟ ಮಾಡುತ್ತದೆ ಎಂಬ ಆರ್ಕಿಮಿಡೀಸನ ತತ್ತ್ವವನ್ನು ನೀವು ಓದಿದ್ದೀರಷ್ಟೆ. ಮನುಷ್ಯನ ಶರೀರದ ಸಾಂದ್ರತೆಯು ಹೆಚ್ಚುಕಡಮೆ ಸಿಹಿನೀರಿನದಷ್ಟೇ ಇದೆ. ಆದಕಾರಣ 60 ಕಿಲೋಗ್ರಾಂ ತೂಕದವನ ಗಾತ್ರವನ್ನು 60 ಲೀಟರು ಎಂದು ಇಟ್ಟುಕೊಳ್ಳಬಹುದು. ಸಿಹಿನೀರಿನಲ್ಲಿ ಅವನು ತೇಲಬೇಕಾದರೆ ಬಹುಮಟ್ಟಿಗೆ ಪೂರ್ತಿಯಾಗಿ ಮುಳುಗಿರಬೇಕು. ದ್ರವದ ಸಾಂದ್ರತೆಯು ಲೀಟರಿಗೆ 1.25 ಕಿಲೋಗ್ರಾಂ ಆದರೆ? ಆಗ 60ನ್ನು 1.25ರಿಂದ ಭಾಗಿಸಿದರೆ ಬರುವ 48 ಲೀಟರು ಮಾತ್ರ ಮುಳುಗಿದರೆ ಸಾಕು. ಶರೀರದ ಐದರಲ್ಲಿ ಒಂದು ಭಾಗ ಮೇಲೆಯೇ ಉಳಿಯುತ್ತದೆ. ಮೃತಸಮುದ್ರದಲ್ಲಿ ಜನರು ಅಂಗಾತ ಮಲಗಿ ತೇಲುವುದೂ ಇದೇ ಕಾರಣದಿಂದ. ಅದರ ನೀರಿನ ಸಾಂದ್ರತೆ ಸುಮಾರು 1.24.

ಅಡಿಗೆಯ ಉಪ್ಪಿನಿಂದ ಇಷ್ಟು ಸಾಂದ್ರತೆಯನ್ನು ಪಡೆಯಲಾಗದು. ಕರಗುವಷ್ಟೂ ಕರಗಿಸಿದರೂ ಅದು 1.20ಕ್ಕೆ ನಿಲ್ಲುತ್ತದೆ, ಚರ್ಮಕ್ಕೂ ಹಿತವಲ್ಲ. ಆದುದರಿಂದ ಮೆಗ್ನೀಸಿಯಂ ಸಲ್ಫೇಟನ್ನು ಬಳಸುತ್ತಾರೆ. ಇಂಗ್ಲೆಂಡಿನ ಎಪ್ಸಮ್ ಎಂಬ ಊರಿನ ಬುಗ್ಗೆಯ ನೀರಿನಲ್ಲಿ ಮೊದಲು ಪ್ರಸಿದ್ಧವಾದುದರಿಂದ ಇದಕ್ಕೆ ಎಪ್ಸಮ್ ಲವಣವೆಂದು ಹೆಸರು. ಹಿಂದೆ ಭೇದಿಗೆ ಕೊಡುತ್ತಿದ್ದ ಉಪ್ಪು ಇದೇ.

ಈಗ ತೊಟ್ಟಿಯ ಅಳತೆಯನ್ನು ನಿಶ್ಚಯಿಸೋಣ. ಒಳ ಉದ್ದ 220 ಸೆಂಟಿಮೀಟರು, ಅಗಲ 110, ನೀರಿನ ಆಳ 25. ಗಾತ್ರ ಸುಮಾರು 605 ಲೀಟರು, 1.25 ಸಾಂದ್ರತೆಯಲ್ಲಿ ದ್ರಾವಣದ ತೂಕ ಸುಮಾರು 760 ಕಿಲೋಗ್ರಾಂ. ಇದರಲ್ಲಿ ಹರಳು ರೂಪದ ಎಪ್ಸಮ್ ಲವಣ ಸುಮಾರು 350 ಕಿಲೋಗ್ರಾಂ, ನೀರು ಸುಮಾರು 410 ಲೀಟರು. ಆಳವನ್ನು ಒಂದೇ ಒಂದು ಸೆಂಟಿಮೀಟರು ಹೆಚ್ಚಿಸಿದರೂ 14 ಕಿಲೋಗ್ರಾಂ ಉಪ್ಪು ಹೆಚ್ಚಾಗಿ ಬೇಕು. ಅಗಲವನ್ನು 10 ಸೆಂಟಿಮೀಟರು ಹೆಚ್ಚಿಸಿದರೆ 32 ಕಿಲೋಗ್ರಾಂ. ಮಿತವ್ಯಯದ ಗುಟ್ಟು ಮರದ ಬೆಲೆಯಲ್ಲಿಲ್ಲ, ಈ ಅಳತೆಗಳಲ್ಲಿದೆ. ಉಪ್ಪು ಆವಿಯಾಗಿ ಹೋಗುವುದಿಲ್ಲವಾದ ಕಾರಣ ಆರಿಹೋದ ನೀರನ್ನಷ್ಟೇ ಮತ್ತೆ ತುಂಬುತ್ತಿದ್ದರೆ ಸಾಕು.

ಪೆಟ್ಟಿಗೆಯ ಬಲ

ಮರದ ಚೌಕಟ್ಟಿಗೆ ಪ್ಲೈವುಡ್ ಹಲಗೆ, ಅದರ ಒಳಗೆ 5 ಸೆಂಟಿಮೀಟರು ದಪ್ಪದ ಥರ್ಮೋಕೋಲ್, ಎಲ್ಲಕ್ಕೂ ಒಳಗೆ ಕೃಷಿಹೊಂಡಗಳಿಗೆ ಹಾಸುವಂತಹ ನೀರು ಸೋರದ ದಪ್ಪ ಹಾಳೆ: ಮನೆಯ ತೊಟ್ಟಿಗಳ ಸಾಮಾನ್ಯ ರಚನೆ ಇದು. ಹಾಳೆಯನ್ನು ಕತ್ತರಿಸದೆ ಮೂಲೆಗಳಲ್ಲಿ ಮಡಿಸಬೇಕು. ಉಪ್ಪುನೀರು ಕಬ್ಬಿಣವನ್ನು ತಿನ್ನುವುದರಿಂದ ಮೊಳೆಯಾಗಲಿ ತಿರುಪಾಗಲಿ ಒಳಗೆ ತಲೆ ಹಾಕಕೂಡದು.

ದ್ರವವು ಪಕ್ಕದ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ. ಆಳದೊಂದಿಗೆ ಒತ್ತಡವು ಏರುವುದನ್ನು ಗಣಿಸಿದರೆ, ಉದ್ದನೆಯ ಒಂದೊಂದು ಗೋಡೆಯ ಮೇಲೂ ಬೀಳುವ ನೂಕುಬಲವು 85 ಕಿಲೋಗ್ರಾಂ ತೂಕಕ್ಕೆ ಸಮನಾಗುತ್ತದೆ. ಆದುದರಿಂದ ಚೌಕಟ್ಟಿಗೆ ಅಡ್ಡಪಟ್ಟಿಗಳು ಅಗತ್ಯ.

ಇದಕ್ಕಿಂತ ಗಂಭೀರವಾದುದು ನೆಲದ ಪ್ರಶ್ನೆ. ದ್ರಾವಣ, ಪೆಟ್ಟಿಗೆ, ಮನುಷ್ಯ ಎಲ್ಲ ಸೇರಿ ಸುಮಾರು 900 ಕಿಲೋಗ್ರಾಂ. ಚದರ ಮೀಟರಿಗೆ ಸುಮಾರು 300. ಭಾರತದ ಕಟ್ಟಡ ಮಾನಕದಂತೆ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಹೊರುವ ಲೆಕ್ಕದಲ್ಲಿ ಕಟ್ಟುತ್ತಾರೆ. ಹೀಗಿರಲು ಮಹಡಿಯ ಮೇಲೆ ಈ ತೊಟ್ಟಿಯನ್ನು ಇಡುವ ಯೋಚನೆಯನ್ನೇ ಬಿಡಬೇಕು. ಭೂಮಿಯ ಮೇಲೆ ನೇರವಾಗಿ ನಿಂತ ನೆಲವೇ ಇದಕ್ಕೆ ತಕ್ಕುದು.

ಬಿಸುಪಿನ ಲೆಕ್ಕ

ನೀರಿನ ಉಷ್ಣತೆಯು 34ರಿಂದ 35 ಡಿಗ್ರಿ ಸೆಂಟಿಗ್ರೇಡ್ ಇರಬೇಕು. ಶರೀರದ ಒಳಗೆ 37 ಡಿಗ್ರಿ ಇದ್ದರೂ ಚರ್ಮದ ಉಷ್ಣತೆ ಅದಕ್ಕಿಂತ ಕಡಮೆ. ನೀರು 37 ಡಿಗ್ರಿಯಾದರೆ, ಶರೀರವು ವಿಶ್ರಾಂತಿಯಲ್ಲಿಯೂ ಉತ್ಪಾದಿಸುವ ಸುಮಾರು 80 ವ್ಯಾಟ್ ಶಾಖವು ಹೊರಹೋಗಲು ದಾರಿ ಇಲ್ಲದೆ ಮೈ ಕಾಯತೊಡಗುತ್ತದೆ. 30 ಡಿಗ್ರಿಯಾದರೆ ಸ್ವಲ್ಪ ಹೊತ್ತಿನಲ್ಲಿಯೇ ಚಳಿ ಹಿಡಿಯುತ್ತದೆ. ಸರಿಯಾದ ಉಷ್ಣತೆಯಲ್ಲಿ ನೀರೆಲ್ಲಿ ಮುಗಿಯಿತು, ಮೈಯೆಲ್ಲಿ ಮೊದಲಾಯಿತು ಎಂಬುದೇ ಚರ್ಮಕ್ಕೆ ತಿಳಿಯದಂತಾಗುತ್ತದೆ.

ಅನೇಕರು ಮನೆಯಲ್ಲಿ ಮಾಡುವ ತೊಟ್ಟಿಗೆ ದೊಡ್ಡ ಗಂಡಾಂತರವು ಇಲ್ಲಿಯೇ ಅಡಗಿದೆ. ಬಿಸಿ ಮಾಡುವುದೆಂದರೆ ಸ್ನಾನದ ನೀರಿಗೆ ಅದ್ದುವ ವಿದ್ಯುತ್ ಸರಳು ನೆನಪಿಗೆ ಬರುವುದು ಸಹಜ. ಉಪ್ಪುನೀರು ವಿದ್ಯುತ್ತಿನ ಉತ್ತಮ ವಾಹಕ. ಸರಳಿನ ಕವಚದಲ್ಲಿ ಕೂದಲೆಳೆಯ ಬಿರುಕಿದ್ದರೂ 230 ವೋಲ್ಟಿನ ವಿದ್ಯುತ್ತು ನೀರಿಗಿಳಿದು, ಅದರಲ್ಲಿ ನೆನೆದು ಮಲಗಿದವನ ಪ್ರಾಣವನ್ನು ತೆಗೆಯಬಲ್ಲದು.

ಆದರೆ ಮನುಷ್ಯನು ಒಳಗಿರುವಾಗ ಶಾಖ ಕೊಡುವ ಅಗತ್ಯವಾದರೂ ಇದೆಯೆ? ಲೆಕ್ಕ ಹಾಕೋಣ. ಈ ದ್ರಾವಣದ ಒಂದು ಕಿಲೋಗ್ರಾಮಿನ ಉಷ್ಣತೆ ಒಂದು ಡಿಗ್ರಿ ಇಳಿಯಬೇಕಾದರೆ ಸುಮಾರು 3 ಕಿಲೋಜೂಲ್ ಶಾಖ ಹೊರಹೋಗಬೇಕು. 760 ಕಿಲೋಗ್ರಾಮಿಗೆ ಸುಮಾರು 2,280. ಥರ್ಮೋಕೋಲ್ ಹೊದಿಕೆಯುಳ್ಳ ಪೆಟ್ಟಿಗೆಯು, ಗಾಳಿಕಿಂಡಿಗಳು ತೆರೆದಿದ್ದು, ಕೋಣೆಯು 25 ಡಿಗ್ರಿ ಇರುವಾಗ ಸುಮಾರು 150 ವ್ಯಾಟ್ ಶಾಖವನ್ನು ಕಳೆದುಕೊಳ್ಳುವುದೆಂದು ಇಟ್ಟುಕೊಳ್ಳಿರಿ. ಒಂದು ಗಂಟೆಗೆ 540 ಕಿಲೋಜೂಲ್ ಆಯಿತು. ಅಂದರೆ ಉಷ್ಣತೆಯು ಇಳಿಯುವುದು ಸುಮಾರು ಕಾಲು ಡಿಗ್ರಿ ಮಾತ್ರ! ಅದರಲ್ಲಿಯೂ ಅರ್ಧದಷ್ಟನ್ನು ಮಲಗಿದವನ ಮೈಯ ಶಾಖವೇ ತುಂಬಿಕೊಡುತ್ತದೆ. ಮೊದಲೇ ಬಿಸಿ ಮಾಡಿಟ್ಟರೆ, ಮನುಷ್ಯನು ಒಳಗಿರುವಾಗ ವಿದ್ಯುತ್ತು ಬೇಕೇ ಇಲ್ಲ.

ಬಿಸಿ ಮಾಡುವುದಕ್ಕಾದರೂ ವಿದ್ಯುತ್ತು ಅನಿವಾರ್ಯವಲ್ಲ. ಮುಚ್ಚಳ ಬಿಗಿಯಾದ 10 ಲೀಟರಿನ ಸ್ಟೀಲ್ ಕ್ಯಾನಿನಲ್ಲಿ 80 ಡಿಗ್ರಿಯ ನೀರನ್ನು ತುಂಬಿ ತೊಟ್ಟಿಯಲ್ಲಿ ಬಿಟ್ಟರೆ, ಅದು 35 ಡಿಗ್ರಿಗೆ ಇಳಿಯುವಷ್ಟರಲ್ಲಿ ಸುಮಾರು 1,890 ಕಿಲೋಜೂಲ್ ಶಾಖವನ್ನು ಕೊಡುತ್ತದೆ. ತೊಟ್ಟಿಯ ಉಷ್ಣತೆ ಸುಮಾರು 0.8 ಡಿಗ್ರಿ ಏರುತ್ತದೆ. ಕಿಂಡಿಗಳನ್ನು ಮುಚ್ಚಿಟ್ಟ ತೊಟ್ಟಿಯು ಒಂದು ಹಗಲು ಒಂದು ರಾತ್ರಿಯಲ್ಲಿ ತಣಿಯುವುದು ನಾಲ್ಕು ಡಿಗ್ರಿಗಿಂತ ಕಡಮೆ. ಐದು ಕ್ಯಾನುಗಳಿಗೆ ಅದು ಸರಿಹೋಯಿತು. ಕ್ಯಾನು ಹಾಳೆಗೆ ತಾಗದಂತೆ ಕೆಳಗೆ ಮರದ ಹಲಗೆಯಿರಲಿ. ಬಿಸಿನೀರನ್ನು ಎತ್ತುವ ಕೆಲಸವು ಹಿರಿಯರದು. ವಿದ್ಯುತ್ ಕಾವಲಿಯನ್ನೇ ಬಳಸುವವರು ಅದನ್ನು ಹಾಳೆಯ ಹೊರಗೆ, ಭೂಸಂಪರ್ಕದೊಡನೆ, 30 ಮಿಲಿಆಂಪಿಯರ್ ಸೋರಿಕೆಗೆ ಕಡಿದುಹೋಗುವ ರಕ್ಷಕ ಸ್ವಿಚ್ಚಿನ ಮೂಲಕ, ನುರಿತ ವಿದ್ಯುತ್ ಕೆಲಸಗಾರನಿಂದಲೇ ಜೋಡಿಸಿಸಬೇಕು. ಆಗಲೂ ಒಳಗಿಳಿಯುವ ಮುನ್ನ ಸ್ವಿಚ್ಚನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು.

ಇನ್ನೊಂದು ಮಾತು. ಈ ಉಪ್ಪಿನ ಹರಳು ಕರಗುವಾಗ ಶಾಖವನ್ನು ಹೀರುತ್ತದೆ. ನೀರು ಹಲವು ಡಿಗ್ರಿ ತಣಿಯುತ್ತದೆ. ಆದಕಾರಣ ಮೊದಲ ಸಲ ಬಿಸಿನೀರಿಗೆ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು ಮರದ ಹುಟ್ಟಿನಿಂದ ಕಲಕಬೇಕು.

ಕತ್ತಲೆ, ನಿಶ್ಶಬ್ದ, ಉಸಿರು

ಬೆಳಕು ನೇರವಾಗಿ ಹರಿಯುತ್ತದೆ. ಗಾಳಿಯು ತಿರುವುಗಳನ್ನು ದಾಟಬಲ್ಲದು. ಆದುದರಿಂದ ಒಳಗೋಡೆಗೆ ಕಪ್ಪು ಬಳಿದ, ಎರಡು ತಿರುವುಗಳುಳ್ಳ ಕೊಳವೆಯನ್ನು ಜೋಡಿಸಿದರೆ ಗಾಳಿ ಬರುತ್ತದೆ, ಬೆಳಕು ಬಾರದು. 10 ಸೆಂಟಿಮೀಟರು ವ್ಯಾಸದ ಇಂತಹ ಎರಡು ಕೊಳವೆಗಳು ಬೇಕು: ಒಂದು ತಲೆಯ ಬಳಿ ನೀರಿನ ಮಟ್ಟಕ್ಕಿಂತ ತುಸು ಮೇಲೆ, ಇನ್ನೊಂದು ಕಾಲಿನ ಕಡೆ ಚಾವಣಿಯ ಬಳಿ. ಬೆಚ್ಚನೆಯ ಗಾಳಿ ಮೇಲಿನಿಂದ ಹೊರಟಂತೆ ತಂಪು ಗಾಳಿ ಕೆಳಗಿನಿಂದ ಒಳಬರುತ್ತದೆ.

ಇದು ಬರಿಯ ಸೌಕರ್ಯದ ಮಾತಲ್ಲ. ವಿಶ್ರಮಿಸುವ ಮನುಷ್ಯನು ಗಂಟೆಗೆ ಸುಮಾರು 15 ಲೀಟರು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆ. 120 ಸೆಂಟಿಮೀಟರು ಎತ್ತರದ ಪೆಟ್ಟಿಗೆಯಲ್ಲಿ ನೀರಿನ ಮೇಲಿರುವ ಗಾಳಿ ಸುಮಾರು 2,300 ಲೀಟರು. ಕಿಂಡಿಯಿಲ್ಲದಿದ್ದರೆ ಒಂದೇ ಗಂಟೆಯಲ್ಲಿ ಈ ಅನಿಲದ ಪ್ರಮಾಣವು ಹೊರಗಿನದಕ್ಕಿಂತ ಹದಿನೈದು ಪಟ್ಟು ಹೆಚ್ಚಾಗುತ್ತದೆ. ಬಾಗಿಲಿಗೆ ಚಿಲಕವನ್ನು ಎಂದೂ ಇಡಕೂಡದು. ಒಳಗಿನಿಂದ ಒಂದು ಕೈಯಿಂದ ನೂಕಿದರೆ ತೆರೆಯುವಷ್ಟು ಅದು ಹಗುರವಾಗಿರಬೇಕು.

ತೇಲುವಾಗ ಕಿವಿಗಳು ನೀರಿನೊಳಗಿರುತ್ತವೆ. ಗಾಳಿಯಲ್ಲಿ ಬರುವ ಸದ್ದಿನ ಬಹುಭಾಗವು ನೀರಿನ ಮೈಯಿಂದ ಹಿಂದಿರುಗಿಬಿಡುತ್ತದೆ. ಆದರೆ ನೆಲದ ಮೂಲಕ ಬರುವ ಹೆಜ್ಜೆಯ ಸದ್ದು, ಒರಳಿನ ಸದ್ದು ನೀರಿಗೆ ಸುಲಭವಾಗಿ ದಾಟುತ್ತದೆ. ಪೆಟ್ಟಿಗೆಯ ಕೆಳಗೆ ದಪ್ಪ ರಬ್ಬರಿನ ಹಾಸು ಇದಕ್ಕೆ ಪರಿಹಾರ.

ಶುದ್ಧಿ ಮತ್ತು ಎಚ್ಚರಿಕೆ

ಗಾಢ ಉಪ್ಪುನೀರಿನಲ್ಲಿ ಹಲವು ಸೂಕ್ಷ್ಮಜೀವಿಗಳು ಬೆಳೆಯಲಾರವು. ಆದರೆ ಎಲ್ಲವೂ ಸಾಯುತ್ತವೆಂದು ನಂಬಕೂಡದು. ಇಳಿಯುವ ಮೊದಲು ಸೋಪು ಹಚ್ಚಿ ಸ್ನಾನ ಮಾಡಬೇಕು. ನೀರನ್ನು ಆಗಾಗ್ಗೆ ಸೋಸಿ, ತಕ್ಕ ಪ್ರಮಾಣದಲ್ಲಿ ಶುದ್ಧಿಕಾರಕವನ್ನು ಬಳಸಬೇಕು. ಸೋಸುವ ಪಂಪಿಗೂ ಮೇಲಿನ ನಿಯಮವೇ: ಮನುಷ್ಯನು ಒಳಗಿರುವಾಗ ಅದು ನಡೆಯಕೂಡದು. ಕಣ್ಣಿಗೆ ಹನಿ ಬಿದ್ದರೆ ತೊಳೆಯಲು ಕೈಗೆಟುಕುವಂತೆ ಸಿಹಿನೀರಿರಲಿ. ಈ ನೀರನ್ನು ಕುಡಿದರೆ ಅಪಾಯ. ಅಪಸ್ಮಾರ, ಮೂತ್ರಪಿಂಡದ ರೋಗ, ತೀವ್ರ ಮಾನಸಿಕ ವ್ಯಾಧಿ ಉಳ್ಳವರು ವೈದ್ಯರನ್ನು ಕೇಳದೆ ಇಳಿಯಬಾರದು. ಮದ್ಯವನ್ನಾಗಲಿ ನಿದ್ರೆಯ ಔಷಧವನ್ನಾಗಲಿ ಸೇವಿಸಿದವರು ಇಳಿಯಲೇ ಕೂಡದು. ಹೊರಗೆ ಯಾರಾದರೊಬ್ಬರು ಇರಲೇಬೇಕು.

ಪ್ರಯೋಜನವೇನು?

ಕೆನಡಾದ ಪೀಟರ್ ಸ್ಯೂಡ್‌ಫೆಲ್ಡ್ ಮೊದಲಾದವರು 1970ರ ದಶಕದ ಕೊನೆಯಲ್ಲಿ ‘ಇಂದ್ರಿಯವಂಚನೆ’ ಎಂಬ ಭಯಂಕರ ಹೆಸರನ್ನು ಬಿಟ್ಟು, ‘ಮಿತ ಪ್ರಚೋದನೆಯ ಚಿಕಿತ್ಸೆ’ ಎಂಬ ಅರ್ಥದ ಹೆಸರನ್ನು ರೂಢಿಗೆ ತಂದರು. 2018ರಲ್ಲಿ ಅಮೆರಿಕದ ಟಲ್ಸಾ ನಗರದ ಸಂಶೋಧನ ಸಂಸ್ಥೆಯೊಂದರಲ್ಲಿ ಜಸ್ಟಿನ್ ಫೈನ್‌ಸ್ಟೈನ್ ಮತ್ತು ಸಂಗಡಿಗರು, ಆತಂಕದ ತೊಂದರೆಗಳಿದ್ದ 50 ಮಂದಿಯನ್ನು ಒಂದು ಗಂಟೆ ತೇಲಿಸಿದಾಗ ಅವರ ಆತಂಕವು ಆ ಹೊತ್ತಿಗೆ ಗಣನೀಯವಾಗಿ ಇಳಿದುದನ್ನು ವರದಿ ಮಾಡಿದರು. ಒಂದು ಗಂಟೆಯ ಶಮನವೇ ಬೇರೆ, ಕಾಯಿಲೆ ಗುಣವಾಗುವುದೇ ಬೇರೆ ಎಂಬುದನ್ನು ಮರೆಯಬಾರದು. ಮೆಗ್ನೀಸಿಯಂ ಚರ್ಮದ ಮೂಲಕ ಇಳಿದು ರೋಗಗಳನ್ನು ಕಳೆಯುವುದೆಂಬ ಜಾಹೀರಾತಿನ ಮಾತಿಗೆ ಒಳ್ಳೆಯ ಪ್ರಮಾಣ ದೊರೆತಿಲ್ಲ.

ಎರಡು ಜಾಡಿಗಳ ಪ್ರಯೋಗ

ತೊಟ್ಟಿಯನ್ನು ಕಟ್ಟುವುದು ಮನೆಯ ಹಿರಿಯರ ಒಪ್ಪಿಗೆ ಮತ್ತು ನೆರವಿನಿಂದ ಆಗಬೇಕಾದ ಕಾರ್ಯ. ಅದರ ಮೂಲತತ್ತ್ವವನ್ನು ಮಾತ್ರ ನೀವು ಇಂದೇ ಪರೀಕ್ಷಿಸಬಹುದು. ಒಂದು ಜಾಡಿಯಲ್ಲಿ 400 ಮಿಲಿಲೀಟರು ಬೆಚ್ಚನೆಯ ನೀರಿಗೆ 340 ಗ್ರಾಂ ಎಪ್ಸಮ್ ಲವಣವನ್ನು ಕರಗಿಸಿರಿ. ಇನ್ನೊಂದರಲ್ಲಿ ಬರಿಯ ನೀರಿರಲಿ. ಕರಗಿಸುವ ಮುಂಚೆ ಮತ್ತು ಅನಂತರ ಉಷ್ಣತೆಯನ್ನು ಗುರುತಿಸಿಕೊಳ್ಳಿರಿ. ಒಂದು ಸಣ್ಣ ಆಲೂಗೆಡ್ಡೆಯನ್ನು ಎರಡರಲ್ಲಿಯೂ ಹಾಕಿ ನೋಡಿರಿ. ಬರಿಯ ನೀರಿನಲ್ಲಿ ಅದು ಮುಳುಗುತ್ತದೆ. ದ್ರಾವಣದಲ್ಲಿ ಸುಮಾರು ಏಳರಲ್ಲಿ ಒಂದು ಭಾಗವನ್ನು ಮೇಲೆತ್ತಿ ತೇಲುತ್ತದೆ. ಅಷ್ಟರಿಂದಲೇ ಆಲೂಗೆಡ್ಡೆಯ ಸಾಂದ್ರತೆ ಎಷ್ಟೆಂದು ಲೆಕ್ಕ ಮಾಡಿರಿ. ಆ ಲೆಕ್ಕವನ್ನು ಮಾಡಬಲ್ಲವರು ತೊಟ್ಟಿಯ ಲೆಕ್ಕವನ್ನೂ ಮಾಡಬಲ್ಲರು.