ಬೋರ್ಡಿನ ಮೇಲಿನ ‘ಡಾ.’

“ಆ ಸೆಂಟರಿನ ಮೇಡಂ ಅಮೆರಿಕದ ಯೂನಿವರ್ಸಿಟಿಯಿಂದ ಆನ್‌ಲೈನ್‌ನಲ್ಲೇ ಎಬಿಎ ಪಿಎಚ್‌ಡಿ ಮಾಡಿದ್ದಾರಂತೆ. ಫೀಸು ಜಾಸ್ತಿ. ಅಲ್ಲಿಗೇ ಸೇರಿಸೋಣವಾ?” ಆಟಿಸಂ ಇರುವ ಮಕ್ಕಳ ತಂದೆತಾಯಿ ಈಚೆಗೆ ನನ್ನನ್ನು ಹೀಗೆ ಕೇಳುವುದುಂಟು. ಆ ಓದು ಸುಳ್ಳಿರಬೇಕೆಂದೇನಿಲ್ಲ. ಆದರೆ ನಿಮ್ಮ ಮಗುವಿನ ಮಟ್ಟಿಗೆ ಆ ಪದವಿಯೊಂದೇ ಹೇಳುವುದು ಬಹಳ ಕಡಿಮೆ.

ಎಬಿಎ, ಅಂದರೆ ಅನ್ವಯಿಕ ವರ್ತನಾ ವಿಶ್ಲೇಷಣೆ, ಯಾವುದೇ ನಡವಳಿಕೆಯ ಹಿಂದುಮುಂದನ್ನು ನೋಡುತ್ತದೆ. ಮಗು ಊಟದ ತಟ್ಟೆ ಎಸೆಯುತ್ತದೆ ಎನ್ನಿ. ಎಸೆಯುವ ಮೊದಲು ಏನಾಯಿತು? ಎಸೆದ ಮೇಲೆ ಅದಕ್ಕೆ ಏನು ಸಿಕ್ಕಿತು? ಅಮ್ಮ ಓಡಿ ಬಂದಳೇ, ಬೇಡದ ಪಲ್ಯ ಎದುರಿನಿಂದ ಹೋಯಿತೇ, ಮಿಕ್ಸಿಯ ಸದ್ದು ನಿಂತಿತೇ? ಉತ್ತರ ಬೇರೆಯಾದರೆ ಮದ್ದೂ ಬೇರೆ. ಪಲ್ಯ ತಪ್ಪಿಸಿಕೊಳ್ಳಲು ಎಸೆಯುವ ಮಗುವಿಗೆ ‘ಬೇಡ’ ಎನ್ನಲು ಒಂದು ಸನ್ನೆಯನ್ನೋ ಚಿತ್ರದ ಕಾರ್ಡನ್ನೋ ಕಲಿಸಿ, ಅದನ್ನು ಬಳಸಿದ ಕೂಡಲೇ ತಟ್ಟೆ ತೆಗೆಯಬೇಕು. ತಟ್ಟೆ ಎಸೆಯುವುದು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದೆಯೇ ಎಂದು ಎಣಿಸಿ ಬರೆದಿಡಬೇಕು. 1968ರಲ್ಲಿ ಬೇರ್, ವುಲ್ಫ್, ರಿಸ್ಲಿ ಎಂಬ ಮೂವರು ಈ ಶಾಸ್ತ್ರದ ಚೌಕಟ್ಟು ಹಾಕಿದಾಗಲೇ ಅಳತೆಗೆ ದೊಡ್ಡ ಸ್ಥಾನ ಕೊಟ್ಟಿದ್ದರು. ಅಳತೆಯಿಲ್ಲದ ಎಬಿಎ ಎಬಿಎಯೇ ಅಲ್ಲ.

ಇನ್ನು ಪಿಎಚ್‌ಡಿ. ಅಮೆರಿಕದ ದಿ ಷಿಕಾಗೊ ಸ್ಕೂಲ್, ಕಪೆಲ್ಲಾದಂಥ ಸಂಸ್ಥೆಗಳು ಇದನ್ನು ಆನ್‌ಲೈನ್‌ನಲ್ಲಿ ಕೊಡುತ್ತವೆ. ಸಂಶೋಧನೆಯ ವಿನ್ಯಾಸ, ಅಂಕಿಅಂಶ, ಕೊನೆಗೊಂದು ಪ್ರಬಂಧ: ಇವನ್ನೆಲ್ಲ ಪರದೆಯ ಮುಂದೆ ಕೂತು ಕಲಿಯಲು ಅಡ್ಡಿಯಿಲ್ಲ. ಅಳುವ ಮಗುವಿನ ಪಕ್ಕ ನೆಲದ ಮೇಲೆ ಕೂರುವುದನ್ನು ಮಾತ್ರ ಬೇರೆಡೆಯೇ ಕಲಿಯಬೇಕು. ಅದಕ್ಕೇ ಅಮೆರಿಕದ ಪ್ರಮಾಣೀಕರಣ ಮಂಡಳಿ ಬಿಎಸಿಬಿ ಕೊಡುವ ‘ಬಿಸಿಬಿಎ’ ಅರ್ಹತೆಗೆ ಸ್ನಾತಕೋತ್ತರ ಪದವಿಯ ಜೊತೆಗೆ ಮೇಲ್ವಿಚಾರಣೆಯಲ್ಲಿ 1,500ರಿಂದ 2,000 ಗಂಟೆಗಳ ಕೆಲಸವೂ ಬೇಕು, ಪರೀಕ್ಷೆಯೂ ಬೇಕು. ಹೆಸರಿನ ಮುಂದೆ ‘ಬಿಸಿಬಿಎ-ಡಿ’ ಕಂಡರೆ ಅವರಿಗೆ ಡಾಕ್ಟರೇಟ್ ಇದೆ ಎಂದಷ್ಟೇ ತಿಳಿಯಿರಿ. ಚಿಕಿತ್ಸೆಯ ಹೆಚ್ಚುವರಿ ಅಧಿಕಾರವೇನೂ ಅದರಿಂದ ಬರುವುದಿಲ್ಲ.

ಭಾರತದಲ್ಲಿರುವವರ ಹೊಸ ಅರ್ಜಿಗಳನ್ನು ಬಿಎಸಿಬಿ 2023ರ ಜನವರಿಯಿಂದ ತೆಗೆದುಕೊಳ್ಳುತ್ತಿಲ್ಲ. ಮೊದಲೇ ಪಡೆದವರು ಉಳಿಸಿಕೊಂಡಿರಬಹುದು. ಅವರ ಹೆಸರನ್ನು ಮಂಡಳಿಯ ನೋಂದಣಿ ಪಟ್ಟಿಯಲ್ಲಿ ನೀವೇ ಹುಡುಕಬಹುದು. ಹೊಸಬರು ಐಬಿಎಓ, ಕ್ಯೂಎಬಿಎ ಎಂಬ ಬೇರೆ ಮಂಡಳಿಗಳ ಕಡೆ ಹೋಗುತ್ತಿದ್ದಾರೆ. ನಮ್ಮಲ್ಲಿ ಭಾರತೀಯ ಪುನರ್ವಸತಿ ಮಂಡಳಿ ಕ್ಲಿನಿಕಲ್ ಸೈಕಾಲಜಿಸ್ಟ್, ವಾಕ್-ಶ್ರವಣ ತಜ್ಞರು, ವಿಶೇಷ ಶಿಕ್ಷಕರನ್ನು ನೋಂದಾಯಿಸುತ್ತದೆ. ವರ್ತನಾ ವಿಶ್ಲೇಷಕರ ಹೆಸರು 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಅನುಸೂಚಿಯಲ್ಲಿದೆ.

ಸೆಂಟರಿನಲ್ಲಿ ಪದವಿಗಿಂತ ಮೊದಲು ವಿಚಾರಿಸಬೇಕಾದದ್ದು ನಿಮ್ಮ ಮಗುವಿನ ಜೊತೆ ದಿನವೂ ಕೂರುವವರು ಯಾರು ಎಂಬುದನ್ನು. ಬಹಳ ಕಡೆ ಅದು ಆಗಷ್ಟೇ ಡಿಗ್ರಿ ಮುಗಿಸಿದ ಹುಡುಗಿ, ‘ಡಾ.’ ಮೇಡಂ ತಿಂಗಳಿಗೊಮ್ಮೆ ಮುಖ ತೋರಿಸುತ್ತಾರೆ. ಮೇಲಿನವರು ಸೆಷನ್ನನ್ನು ಎಷ್ಟು ಸಲ ಕಣ್ಣಾರೆ ನೋಡುತ್ತಾರೆ ಎಂದು ಕೇಳಿ; ವೀಡಿಯೊದಲ್ಲಿ ನೋಡಿದರೂ ಸರಿ. ಕಳೆದ ತಿಂಗಳ ಗ್ರಾಫ್ ತೋರಿಸಿ ಎನ್ನಿ. ನೀವೂ ಒಳಗೆ ಕೂತು ನೋಡಬಹುದೇ ಎಂದು ಕೇಳಿ. ಖಡಾಖಂಡಿತ ಬೇಡವೆಂದರೆ ನಾನಾದರೆ ಬೇರೆ ಸೆಂಟರ್ ಹುಡುಕುತ್ತೇನೆ.

“ವಾರಕ್ಕೆ 40 ಗಂಟೆ ಬೇಕೇ ಬೇಕು” ಎಂದು ಹೆದರಿಸುವವರಿದ್ದಾರೆ. ಈ ಸಂಖ್ಯೆ ಪ್ರಸಿದ್ಧವಾದದ್ದು ಮನೋವಿಜ್ಞಾನಿ ಲೋವಾಸ್ ಅವರ 1987ರ ಅಧ್ಯಯನದಿಂದ. ಅದರಲ್ಲಿ ಅಷ್ಟು ಗಂಟೆಯ ಥೆರಪಿ ಪಡೆದ ಗುಂಪಿನಲ್ಲಿದ್ದದ್ದು 19 ಪುಟ್ಟ ಮಕ್ಕಳು. ಜೋರಾಗಿ ಗದರುವುದು, ತೊಡೆಗೆ ಏಟು ಹಾಕುವುದು ಕೂಡ ಅಂದಿನ ವಿಧಾನದಲ್ಲಿ ಸೇರಿತ್ತು. ಇಂದು ಯಾರಾದರೂ ಹಾಗೆ ಮಾಡಿದರೆ ಮಗುವನ್ನು ಎತ್ತಿಕೊಂಡು ಹೊರಬನ್ನಿ. ಇಂಥ ಥೆರಪಿಯಲ್ಲೇ ಬೆಳೆದ ಆಟಿಸಂ ಇರುವ ಹಲವು ವಯಸ್ಕರು ಈಗ ತಕರಾರು ಎತ್ತಿದ್ದಾರೆ: ಕಣ್ಣಲ್ಲಿ ಕಣ್ಣಿಡು, ಕೈ ಅಲ್ಲಾಡಿಸಬೇಡ ಎಂದು ಒತ್ತಾಯಿಸಿದ್ದರಿಂದ ತಮಗೆ ನೋವೇ ಆಯಿತೆನ್ನುತ್ತಾರೆ. ಅವರ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಕೈ ಅಲ್ಲಾಡಿಸಿದರೆ ಯಾರಿಗೇನು ನಷ್ಟ? ಶೌಚಕ್ಕೆ ಹೋಗಬೇಕೆಂದು ತಿಳಿಸುವುದು, ರಸ್ತೆಯಲ್ಲಿ ಕೈ ಬಿಡದಿರುವುದು ಗುರಿಯಾಗಲಿ.

ಮಗುವಿಗಾಗಿ ತಾವೇ ಓದಲು ಹೊರಡುವ ಅಮ್ಮಂದಿರೂ ಇದ್ದಾರೆ, ಅದರಲ್ಲೂ ಐಟಿ ಕೆಲಸ ಬಿಟ್ಟವರು. ಅವರಿಗೆ ಒಂದು ಮಾತು. ಪಿಎಚ್‌ಡಿಗೆ ಲಕ್ಷಗಟ್ಟಲೆ ಸುರಿಯುವ ಮೊದಲು ಸ್ನಾತಕೋತ್ತರ ಓದು, ಮೇಲ್ವಿಚಾರಣೆಯ ಗಂಟೆಗಳು ಮುಗಿಯಲಿ. ಆನ್‌ಲೈನ್ ಮತ್ತು ದೂರಶಿಕ್ಷಣದ ಪಿಎಚ್‌ಡಿಯನ್ನು ಯುಜಿಸಿಯ 2022ರ ನಿಯಮಗಳು ಒಪ್ಪುವುದಿಲ್ಲ. ವಿದೇಶಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಎಡ್‌ಟೆಕ್ ಕಂಪನಿಗಳು ಮಾರುವ ಇಂಥ ಪದವಿಗಳ ಬಗ್ಗೆ ಯುಜಿಸಿ, ಎಐಸಿಟಿಇ ಎರಡೂ ಅದೇ ವರ್ಷ ಎಚ್ಚರಿಸಿವೆ. ಮುಂದೆ ಇಲ್ಲಿನ ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದರೆ ಈ ದಾರಿ ಅರ್ಧದಲ್ಲೇ ನಿಲ್ಲುತ್ತದೆ. ಅಮೆರಿಕದಲ್ಲೇ ನೆಲೆಸಿರುವ ಕನ್ನಡಿಗರಿಗೆ ಈ ತೊಡಕಿಲ್ಲ. ಸಂಸ್ಥೆಗೆ ಅಲ್ಲಿನ ಮಾನ್ಯತೆ ಇದೆಯೇ ಎಂದು ಅಮೆರಿಕದ ಶಿಕ್ಷಣ ಇಲಾಖೆಯ ಪಟ್ಟಿಯಲ್ಲಿ ನೋಡಿಕೊಂಡು ಸೇರಬಹುದು.